ಬಿಪಿಎಲ್ ದೇಶ, ಎಪಿಎಲ್ ದೇಶ

ಕಲಬುರಗಿ ತಹಸೀಲ್ ಕಚೇರಿ ಮುಂದೆ ರೇಷನ್ ಕಾರ್ಡಿಗೆ ಪಾಳಿ ಹಚ್ಚಿದವರು ಮನಸ್ಸು ಸಣ್ಣದು ಮಾಡಿಕೊಳ್ಳಬೇಕಿಲ್ಲ. ಜಗತ್ತಿನ ದೊಡ್ಡ ದೊಡ್ಡ ದೇಶಗಳೂ ಇಂಥದೇ ಪಾಳಿಯಲ್ಲಿ ನಿಂತಿವೆ. ಅವೂ ಕಾರನ್ನು ಪಕ್ಕದ ಓಣಿಯಲ್ಲಿ ನಿಲ್ಲಿಸಿಯೇ ಬಂದಿವೆ. ನಮ್ಮಲ್ಲಿ ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು, ಖುಷ್ಕಿ ಜಮೀನು ಮೂರು ಹೆಕ್ಟೇರ್ ದಾಟಬಾರದು, ಸ್ವಂತ ಓಡಾಟದ ಬಿಳಿ ಬೋರ್ಡಿನ ಕಾರು ಇರಬಾರದು. ಅನರ್ಹರ ಕಾರ್ಡು ಕಿತ್ತುಕೊಳ್ಳಲು 2024ರ ನವೆಂಬರ್‌ನಲ್ಲಿ ಸರ್ಕಾರ ಹೊರಟಿತ್ತು, ಗದ್ದಲ ಎದ್ದೊಡನೆ ಹಿಂದೆ ಸರಿಯಿತು. ದೇಶಗಳ ಪುಣ್ಯ ಇನ್ನೂ ದೊಡ್ಡದು. ಅವಕ್ಕೆ ಕೌಂಟರುಗಳೇ ಮೂರು, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ.

ಮೊದಲನೆಯದು ವಿಶ್ವಬ್ಯಾಂಕಿನದು. ಪ್ರತಿ ಜುಲೈ 1ಕ್ಕೆ ಇಲ್ಲಿ ಕಾರ್ಡು ನವೀಕರಣ. 2024ರ ಜುಲೈನಲ್ಲಿ ಎಳೆದ ಗೆರೆಗಳು ಹೀಗಿದ್ದವು: ತಲಾ ರಾಷ್ಟ್ರೀಯ ಆದಾಯ 1,145 ಡಾಲರ್ ತನಕ ಬಡ ದೇಶ, 4,515ರ ತನಕ ಕೆಳಮಧ್ಯಮ, 14,005ರ ತನಕ ಮೇಲ್ಮಧ್ಯಮ, ಅದರಾಚೆ ಸಾಹುಕಾರ. 14,005 ಇದ್ದವ ಮಧ್ಯಮ ವರ್ಗ, 14,006 ಇದ್ದವ ಶ್ರೀಮಂತ. ನಡುವಿನ ಆ ಒಂದು ಡಾಲರಿಗೆ ಸೂಪರ್ ಮಾರ್ಕೆಟ್ ಹತ್ತಿರ ಸುಸಲಾ-ಮಿರ್ಚಿ ತಿಂದು ಚಹಾ ಕುಡಿಯಬಹುದು. ಅದೇ ಜುಲೈನಲ್ಲಿ ರಷ್ಯಾ ಸಾಹುಕಾರರ ಪಟ್ಟಿ ಸೇರಿತು. ಯುದ್ಧ ನಡೆಸುತ್ತ, ನಿರ್ಬಂಧ ಹೇರಿಸಿಕೊಂಡು ಅದು ಹೇಗೆ ಅಂತೀರಾ? ಮಿಲಿಟರಿ ಕೆಲಸ ವಿಪರೀತ ಹೆಚ್ಚಾದದ್ದೂ ಒಂದು ಕಾರಣ ಎಂದು ಬ್ಯಾಂಕೇ ಬರೆದುಕೊಂಡಿದೆ. ರೊಟ್ಟಿ ಬಡಿದರೂ ಆದಾಯ, ಶೆಲ್ ಮಾಡಿದರೂ ಆದಾಯ. ಲೆಕ್ಕದ ಪುಸ್ತಕ ವಾಸನೆ ನೋಡುವುದಿಲ್ಲ.

ಡಾಲರಿಗೆ ತಿರುಗಿಸುವಾಗ ಬ್ಯಾಂಕು ಮೂರು ವರ್ಷದ ವಿನಿಮಯ ದರದ ಸರಾಸರಿ ಹಿಡಿಯುತ್ತದೆ. ನಮ್ಮ ಭಾಗದ ಹಿರಿಯರಿಗೆ ಈ ಕಸರತ್ತು ಗೊತ್ತಿದ್ದದ್ದೇ. ನಿಜಾಮನ ಹಾಲಿ ಸಿಕ್ಕಾ ಏಳು ಕೊಟ್ಟರೆ ಬ್ರಿಟಿಷರ ಕಲ್ದಾರ ಆರು ರೂಪಾಯಿ. ಕಲಬುರಗಿಯಲ್ಲಿ ಏಳು ರೂಪಾಯಿ ಪಗಾರದವ ರೈಲು ಹತ್ತಿ ಸೊಲ್ಲಾಪುರದಲ್ಲಿ ಇಳಿದರೆ ಆರು ರೂಪಾಯಿಯವನಾಗುತ್ತಿದ್ದ, ಹಸಿವು ಮಾತ್ರ ಏಳು ರೂಪಾಯಿಯದೇ.

ದುಡಿದು ಮೇಲೇರುವಷ್ಟು ತಾಳ್ಮೆ ಇಲ್ಲದವರಿಗೆ ಒಳದಾರಿ ಇದೆ: ಜಿಡಿಪಿ ಲೆಕ್ಕಕ್ಕೆ ಆಧಾರವಾಗಿ ಹಿಡಿಯುವ ಮೂಲ ವರ್ಷ ಬದಲಿಸುವುದು. ಘಾನಾ 2010ರ ನವೆಂಬರ್‌ನಲ್ಲಿ ಬದಲಿಸಿತು, ಜಿಡಿಪಿ ಶೇ 60ರಷ್ಟು ಉಬ್ಬಿ ದೇಶ ಕೆಳಮಧ್ಯಮಕ್ಕೆ ಬಡ್ತಿ ಪಡೆಯಿತು. ನೈಜೀರಿಯಾ 2014ರ ಏಪ್ರಿಲ್‌ನಲ್ಲಿ 1990ರ ಬದಲು 2010 ಎಂದು ಬರೆದುಕೊಂಡಿತು. ಶೇ 89ರಷ್ಟು ಏರಿಕೆ, ದಕ್ಷಿಣ ಆಫ್ರಿಕಾವನ್ನು ಹಿಂದೆ ಹಾಕಿ ಆ ಖಂಡದ ಮೊದಲ ಸ್ಥಾನ. ಇದರಲ್ಲಿ ಮೋಸವೇನಿಲ್ಲ. ಮೊಬೈಲು, ಸಿನಿಮಾ ಎಲ್ಲ ಹಳೆಯ ಲೆಕ್ಕದಲ್ಲಿ ಸರಿಯಾಗಿ ಸೇರಿಯೇ ಇರಲಿಲ್ಲ. ಆದರೂ ಹಿಂದಿನ ರಾತ್ರಿ ಬಡವನಾಗಿ ಮಲಗಿದವನಿಗೆ ಎದ್ದಾಗ ಒಂದು ಮಾತು ಹೇಳಬೇಕಿತ್ತು.

ಕೆಳಗಿಳಿಯುವ ಅರ್ಜಿಯೂ ಉಂಟು. ಶ್ರೀಲಂಕಾ 2019ರಲ್ಲಿ ಮೇಲ್ಮಧ್ಯಮಕ್ಕೆ ಹತ್ತಿ, ಮರುವರ್ಷವೇ ಇಳಿಯಿತು. 2022ರಲ್ಲಿ ಖಜಾನೆ ಬರಿದಾದಾಗ ಅದರ ಸಚಿವ ಸಂಪುಟ ಕೂತು, ನಮ್ಮನ್ನು ಬಡ ದೇಶ ಎಂದೇ ಬರೆದುಕೊಳ್ಳಿ ಅಂತ ಕೇಳಲು ತೀರ್ಮಾನಿಸಿತು. ಬಡ್ಡಿ ಕಡಿಮೆಯ ಸಾಲ ಸಿಗುವುದು ಬಡವರ ಕಿಟಕಿಯಲ್ಲೇ ತಾನೆ.

ಎರಡನೇ ಕೌಂಟರು ವಿಶ್ವಸಂಸ್ಥೆಯದು, 1971ರಿಂದ ಚಾಲ್ತಿ. ಇಲ್ಲಿ ‘ಅತಿ ಹಿಂದುಳಿದ ದೇಶ’ದ ಕಾರ್ಡು. 44 ದೇಶಗಳ ಹತ್ತಿರ ಇದೆ. ಮೂರು ಕಾಗದ ತೋರಿಸಬೇಕು: ತಲಾ ಆದಾಯ, ಜನರ ಆರೋಗ್ಯ-ಶಿಕ್ಷಣ, ಆರ್ಥಿಕತೆ ಎಷ್ಟು ಬೇಗ ಕುಸಿದೀತು ಎಂಬುದು. ಮೂರು ವರ್ಷಕ್ಕೊಮ್ಮೆ ತಪಾಸಣೆ. ಮೂರರಲ್ಲಿ ಎರಡನ್ನು ಸತತ ಎರಡು ತಪಾಸಣೆಯಲ್ಲಿ ದಾಟಿದರೆ ಕಾರ್ಡು ವಾಪಸ್. ಆದಾಯ ವಿಪರೀತ ಏರಿದರೆ ಅದೊಂದೇ ಸಾಕು: ಕಚ್ಚಾ ಎಣ್ಣೆ ಸಿಕ್ಕ ಈಕ್ವಟೋರಿಯಲ್ ಗಿನಿಯನ್ನು 2017ರಲ್ಲಿ ಬರೀ ಆದಾಯ ನೋಡಿ ಹೊರಗೆ ಹಾಕಿದರು, ಶಾಲೆ ಆಸ್ಪತ್ರೆಯ ಕಾಗದ ತೆಗೆದೇ ನೋಡಲಿಲ್ಲ ಎನ್ನುವ ಹಾಗೆ. ಮಾಲ್ದೀವ್ಸನ್ನು ಪಟ್ಟಿಯಿಂದ ತೆಗೆಯುವ ನಿರ್ಣಯ ಆದದ್ದು 2004ರ ಡಿಸೆಂಬರ್ 20ಕ್ಕೆ, ಸುನಾಮಿ ಬಂದದ್ದು 26ಕ್ಕೆ. ಕಾರ್ಡು 2011ರ ತನಕ ಉಳಿಯಿತು. ಬಾಂಗ್ಲಾದೇಶಕ್ಕೆ 2026ರ ನವೆಂಬರ್ 24ರ ತಾರೀಖು ಕೊಟ್ಟರೆ, ಅಲ್ಲಿನ ಗಾರ್ಮೆಂಟ್ ಮಾಲೀಕರು ನಮ್ಮ ಬಡತನ ಇನ್ನೊಂದಿಷ್ಟು ವರ್ಷ ಮುಂದುವರಿಸಿ ಎಂದು ಕೈಮುಗಿದರು. ಯುರೋಪಿಗೆ ಸುಂಕವಿಲ್ಲದೆ ಅಂಗಿ ಕಳಿಸುವುದು ಆ ಕಾರ್ಡಿನ ಮೇಲೇ.

ಮೂರನೆಯ ಕೌಂಟರು, ವಿಶ್ವ ವ್ಯಾಪಾರ ಸಂಘಟನೆಯದು, ಎಲ್ಲಕ್ಕಿಂತ ಸಸಾರ. ಅಲ್ಲಿ ಗುಮಾಸ್ತನೇ ಇಲ್ಲ. ‘ನಾನು ಅಭಿವೃದ್ಧಿಶೀಲ’ ಎಂದು ನೀವೇ ಬರೆದುಕೊಂಡು ನೀವೇ ಸಹಿ ಹಾಕಬಹುದು. ದಕ್ಷಿಣ ಕೊರಿಯಾ ಜಗತ್ತಿಗೆಲ್ಲ ಟಿವಿ, ಕಾರು ಮಾರುತ್ತ 2019ರ ತನಕ ಆ ಕಾರ್ಡು ಇಟ್ಟುಕೊಂಡಿತ್ತು. ಚೀನಾ 2025ರ ಸೆಪ್ಟೆಂಬರ್‌ನಲ್ಲಿ, ಹೊಸ ರಿಯಾಯಿತಿ ಕೇಳುವುದಿಲ್ಲ, ಕಾರ್ಡು ಮಾತ್ರ ವಾಪಸ್ ಕೊಡುವುದಿಲ್ಲ ಅಂದಿತು. ಭಾರತವೂ ಬಿಟ್ಟಿಲ್ಲ, ಬಿಡುವ ಹಾಗೂ ಇಲ್ಲ: ಕಾರ್ಡಿದ್ದರೆ ಬೆಳೆಯ ಮೌಲ್ಯದ ಶೇ 10ರ ತನಕ ಸಬ್ಸಿಡಿ ಕೊಡಬಹುದು, ಇಲ್ಲದವರಿಗೆ ಶೇ 5. ಆ ಸಬ್ಸಿಡಿ ಅಳೆಯುವುದು ಹೇಗೆಂದರೆ ಇಂದಿನ ಬೆಂಬಲ ಬೆಲೆಯನ್ನು 1986-88ರ ಅಂತರರಾಷ್ಟ್ರೀಯ ಬೆಲೆಯ ಪಕ್ಕ ಇಟ್ಟು. ಹಾಗೆ ಅಳೆದರೆ ಸಂತೆಯ ಬದನೆಕಾಯಿಯೂ ಸಬ್ಸಿಡಿ ತಿಂದಂತೆ ಕಾಣುತ್ತದೆ. ಒಟ್ಟು ಗಾತ್ರದಲ್ಲಿ ನಾವು ಜಗತ್ತಿನ ಮೊದಲ ಹತ್ತರೊಳಗೆ, ತಲಾ ಲೆಕ್ಕದಲ್ಲಿ ಕೆಳಮಧ್ಯಮ. ಭಾಷಣಕ್ಕೆ ಹೊರಟಾಗ ಗಾತ್ರ, ವ್ಯಾಪಾರ ಸಂಘಟನೆಯ ಕಚೇರಿ ಇರುವ ಜಿನೀವಾಕ್ಕೆ ಹೊರಟಾಗ ತಲಾ.

ಸರಾಸರಿಯ ಆಟ ಮನೆಯೊಳಗೂ ಇದೆ. ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯದರ ಸುಮಾರು ಐದು ಪಟ್ಟು. ಡಾಲರಿಗೆ ತಿರುಗಿಸಿದರೆ ಬೆಂಗಳೂರು ಮೇಲ್ಮಧ್ಯಮ ದೇಶ, ಕಲಬುರಗಿ ಕೆಳಮಧ್ಯಮದ ಕೆಳಗಿನ ಮೆಟ್ಟಿಲು. 2002ರಲ್ಲಿ ನಂಜುಂಡಪ್ಪ ಸಮಿತಿ 35 ಸೂಚಕ ಹಿಡಿದು 39 ತಾಲ್ಲೂಕುಗಳಿಗೆ ‘ಅತ್ಯಂತ ಹಿಂದುಳಿದ’ ಕಾರ್ಡು ಕೊಟ್ಟಿತು, 21 ನಮ್ಮ ವಿಭಾಗಕ್ಕೇ ಬಂದವು. ಯಾದಗಿರಿಗೆ 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳಿಗೆ ಕೊಡುವ ‘ಮಹತ್ವಾಕಾಂಕ್ಷಿ ಜಿಲ್ಲೆ’ ಎಂಬ ಬಿರುದೂ ಸಿಕ್ಕಿತು.

ಈಗ ಗಂಜ್‌ಗೆ, ಅಂದರೆ ಕಲಬುರಗಿಯ ಕಾಳುಕಡಿ ಮಾರುಕಟ್ಟೆಗೆ ಬರೋಣ, ಮೂರೂ ಕೌಂಟರಿನ ಕಾಗದ ಬಂದು ಬೀಳುವುದು ಇಲ್ಲೇ. ಅತಿ ಹಿಂದುಳಿದ ದೇಶಗಳ ಮಾಲಿಗೆ ಭಾರತ 2008ರಿಂದ ಸುಂಕ ರಿಯಾಯಿತಿ ಕೊಡುತ್ತಿದೆ. ಮೊಜಾಂಬಿಕ್ ಜೊತೆ 2016ರಲ್ಲಿ ತೊಗರಿ ಒಪ್ಪಂದ, ವರ್ಷಕ್ಕೆ 2 ಲಕ್ಷ ಟನ್ ತನಕ. ಮಲಾವಿ, ಮ್ಯಾನ್ಮಾರ್ ಜೊತೆ 2021ರಲ್ಲಿ. ಮೂವರೂ ಕಾರ್ಡುದಾರರು. 2021ರ ಮೇನಲ್ಲಿ ಆಮದಿನ ಕೋಟಾ ಮಿತಿಯನ್ನೇ ತೆಗೆದರು, 2023ರ ಮಾರ್ಚ್‌ನಲ್ಲಿ ಉಳಿದವರ ಶೇ 10 ಸುಂಕವನ್ನೂ ಮನ್ನಾ ಮಾಡಿದರು. ಬಡ ದೇಶದ ಕಾರ್ಡಿಗೆ ಅಲ್ಲಿಗೆ ಬೆಲೆಯೇ ಹೋಯಿತು, ಎರಡು ವರ್ಷದಲ್ಲಿ ನಮ್ಮ ತೊಗರಿಗೂ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಪಡೆದ ಕಲಬುರಗಿ ತೊಗರಿ 2024ರಲ್ಲಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿದ್ದು, 2025ರಲ್ಲಿ ಬೆಂಬಲ ಬೆಲೆಗಿಂತ ಕೆಳಗೆ ಬಂತು.

ಚಿತ್ತಾಪುರ ಕಡೆಯ ಐದು ಎಕರೆಯ ರೈತ ಹದಿನಾರು ಕ್ವಿಂಟಲ್ ತಂದಿದ್ದಾನೆ ಅನ್ನಿ.

‘ಏಳು ಸಾವಿರ ಅದ ಕಾಕಾ, ಬಿಡ್ತೀ ಏನು?’ ಅಂತಾನೆ ಅಡತಿಯವ.

‘ಸರ್ಕಾರದ ರೇಟು ಎಂಟು ಅದಲ್ರೀ ಸಾವ್ಕಾರ್ರ?’

‘ಎಂಟಕ್ಕ ಹೋದ್ರ ಒಂದು ಲಕ್ಷ ಇಪ್ಪತ್ತೆಂಟು ಸಾವಿರ ಆಗ್ತದ, ನಿನ್ನ ಬಿಪಿಎಲ್ ಕಾರ್ಡು ಹೋಗ್ತದ ನೋಡು. ಏಳಕ್ಕ ಕೊಟ್ರ ಒಂದು ಹನ್ನೆರಡು. ಕಾರ್ಡು ಉಳೀತದ.’

ಬೀಜ, ಗೊಬ್ಬರ, ರಾಶಿ ಮಾಡಿದ ಮಷಿನ್ ಬಾಡಿಗೆ ಕಳೆದು ನೋಡುವಷ್ಟು ಪುರುಸೊತ್ತು ಅಡತಿಯವನಿಗೂ ಇಲ್ಲ, ಆಫೀಸಿನವರಿಗೂ ಇಲ್ಲ. ಕಾಕಾ ಒಂದು ಕ್ಷಣ ಯೋಚಿಸಿ ಚೀಲ ತೂಕಕ್ಕೆ ಹಚ್ಚಲು ಹಮಾಲನಿಗೆ ಕೈಮಾಡಿದ.