ಏಳು ದನಿ, ಒಂದು ಫಂಕ್ ಹಾಡು: 1982ರಲ್ಲಿ ಟೆಂಪ್ಟೇಷನ್ಸ್ ಮಾಡಿದ್ದು ಸರಿಯಾ?

ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಹುಟ್ಟಿ, ಮೋಟೌನ್ ಕಂಪನಿಗೆ ಹಾಡಿ ಹೆಸರಾದ ತಂಡ ‘ದಿ ಟೆಂಪ್ಟೇಷನ್ಸ್’. ಐದು ಜನರ ತಂಡ. ‘ಮೈ ಗರ್ಲ್’ ಹಾಡಿದ ಡೇವಿಡ್ ರಫಿನ್ ಅವರನ್ನು 1968ರಲ್ಲಿ ತಂಡವೇ ತೆಗೆದುಹಾಕಿತು. ತೀರಾ ಮೇಲಿನ ಸ್ಥಾಯಿಯಲ್ಲಿ ನವಿರಾಗಿ ಹಾಡುತ್ತಿದ್ದ ಎಡ್ಡಿ ಕೆಂಡ್ರಿಕ್ಸ್ 1971ರಲ್ಲಿ ತಾವೇ ಹೊರಟರು. 1982ರಲ್ಲಿ ಇಬ್ಬರೂ ವಾಪಸ್ ಬಂದರು. ಆಗ ಇದ್ದ ಐವರು, ಬಂದ ಇಬ್ಬರು, ಒಟ್ಟು ಏಳು. ‘ರೀಯೂನಿಯನ್’ ಅನ್ನೋ ಆಲ್ಬಮ್ ಬಂತು. ಅದರ ಮೊದಲ ಸಿಂಗಲ್, ಅಂದರೆ ಬಿಡಿಯಾಗಿ ಮಾರೋ ಹಾಡು, ‘ಸ್ಟ್ಯಾಂಡಿಂಗ್ ಆನ್ ದ ಟಾಪ್’. ಬರೆದವರೂ ಮಾಡಿಸಿದವರೂ ಫಂಕ್ ಗಾಯಕ ರಿಕ್ ಜೇಮ್ಸ್. ಹಳೇ ಸೋಲ್ (ಕಪ್ಪು ಅಮೆರಿಕನ್ನರ ಭಾವ ತುಂಬಿದ ಹಾಡುಗಾರಿಕೆ) ತಂಡ ಮತ್ತೆ ಸೇರಿದಾಗ ಇಂಥ ಹಾಡಿನಿಂದಲೇ ಶುರು ಮಾಡಬೇಕಿತ್ತಾ? ಹೌದು ಅನ್ನುವವರು ಮೊದಲು, ಬೇಡವಾಗಿತ್ತು ಅನ್ನುವವರು ಆಮೇಲೆ.

ಪರ: ಹಳೇ ಹಾಡೇ ಹಾಡಿಕೊಂಡಿರಿ ಅನ್ನೋಕೆ ನಾವ್ಯಾರು?

1968. ಟೆಂಪ್ಟೇಷನ್ಸ್ ಕಾರ್ಯಕ್ರಮ ನಡೆಯುತ್ತಿದೆ. ರಫಿನ್ ಜಾಗದಲ್ಲಿ ಹೊಸಬರು ಡೆನಿಸ್ ಎಡ್ವರ್ಡ್ಸ್. ಜನರ ಮಧ್ಯದಿಂದ ದಪ್ಪ ಕಟ್ಟಿನ ಕನ್ನಡಕದ, ಉದ್ದ ಕಾಲಿನ ಒಬ್ಬ ಮನುಷ್ಯ ವೇದಿಕೆಗೆ ಜಿಗಿಯುತ್ತಾನೆ. ಎಡ್ವರ್ಡ್ಸ್ ಕೈಯಿಂದ ಮೈಕ್ ಕಿತ್ತುಕೊಂಡು ಹಾಡುತ್ತಾನೆ. ಜನ ಹುಚ್ಚೆದ್ದು ಕೂಗುತ್ತಾರೆ. ಬಂದವರು ಮತ್ಯಾರೂ ಅಲ್ಲ, ರಫಿನ್ನೇ. ಇದು ಒಂದು ಸಲ ಆದದ್ದಲ್ಲ, ಮತ್ತೆ ಮತ್ತೆ ಆಯಿತು. ತಂಡದವರು ಅವರನ್ನು ತಡೆಯೋದಕ್ಕೇ ಕಾವಲು ಇಡಬೇಕಾಯಿತು.

ಈಗ ಹದಿನಾಲ್ಕು ವರ್ಷ ಮುಂದೆ ಬನ್ನಿ. ಅದೇ ರಫಿನ್, ಅದೇ ಎಡ್ವರ್ಡ್ಸ್, ಒಂದೇ ಹಾಡಿನಲ್ಲಿ ಸಾಲು ಹಂಚಿಕೊಂಡು ಹಾಡುತ್ತಾರೆ. ಮೈಕ್ ಯಾರೂ ಕಿತ್ತುಕೊಳ್ಳುತ್ತಿಲ್ಲ. ಇದೊಂದಕ್ಕೇ ನನಗೆ ಆ ಸಿಂಗಲ್ ಇಷ್ಟ. ಆದರೆ ವಾದಕ್ಕೆ ಇಷ್ಟು ಸಾಲದು, ಗೊತ್ತು.

ಹಳೇ ತಂಡ ಮತ್ತೆ ಸೇರಿದರೆ ಜನ ಏನು ಕೇಳುತ್ತಾರೆ? ಹಳೇ ಹಾಡು. ಅದೇ ಸೂಟು, ಅದೇ ಹೆಜ್ಜೆ, ಅದೇ ‘ಮೈ ಗರ್ಲ್’. ಮದುವೆ ಮನೆ ಆರ್ಕೆಸ್ಟ್ರಾದವರನ್ನು ಕೇಳಿ ನೋಡಿ, ಒಂದೇ ಹಾಡನ್ನು ಸಾವಿರ ಸಲ ಹಾಡೋ ಕಷ್ಟ ಏನೂಂತ ಹೇಳುತ್ತಾರೆ. ಟೆಂಪ್ಟೇಷನ್ಸ್‌ಗೆ ಆ ದಾರಿ ಸುಲಭವಾಗಿತ್ತು. ಅವರು ಅದನ್ನು ಬಿಟ್ಟು, 1982ರಲ್ಲಿ ಬೀದಿ ಹುಡುಗರು ಕುಣಿಯುತ್ತಿದ್ದ ಹಾಡಿಗೆ ದನಿ ಕೊಟ್ಟರು. ನಲವತ್ತರ ಆಸುಪಾಸಿನವರು ಹೀಗೆ ಮಾಡಿದರೆ ಅದಕ್ಕೆ ಧೈರ್ಯ ಬೇಕು.

ಫಂಕ್ ಅಂದರೇನು ಅಂತ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ರಾಗಕ್ಕಿಂತ ಲಯ ದೊಡ್ಡದು. ಬೇಸ್ ಗಿಟಾರ್ ಮತ್ತು ಡ್ರಮ್ಸ್ ಒಂದೇ ವರಸೆಯನ್ನು ಸುತ್ತಿ ಸುತ್ತಿ ನುಡಿಸುತ್ತವೆ. ನಾಲ್ಕು ಪೆಟ್ಟಿನಲ್ಲಿ ಮೊದಲನೆಯದಕ್ಕೆ ತೂಕ ಜಾಸ್ತಿ, ನಮ್ಮ ತಬಲಾದವರು ಸಮ್‌ಗೆ ಬಂದು ಇಳಿಯೋ ಹಾಗೆ. ಫಂಕ್‌ಗೆ ದಾರಿ ಹಾಕಿದ ಗಾಯಕ ಜೇಮ್ಸ್ ಬ್ರೌನ್ ಈ ಮೊದಲ ಪೆಟ್ಟಿನ ಮೇಲೇ ಒಂದು ಸಾಮ್ರಾಜ್ಯ ಕಟ್ಟಿದರು. ಸೋಲ್ ಹಾಡು ಕಿವಿಯಲ್ಲಿ ಶುರುವಾದರೆ ಫಂಕ್ ಸೊಂಟದಲ್ಲಿ ಶುರುವಾಗುತ್ತದೆ.

ಇದು ಟೆಂಪ್ಟೇಷನ್ಸ್‌ಗೆ ಹೊರಗಿನದು ಅನ್ನುವವರು ಅವರ ಅರ್ಧ ಚರಿತ್ರೆ ಮರೆತಿದ್ದಾರೆ. ರಫಿನ್ ಹೋದ ಅದೇ 1968ರಲ್ಲಿ ಮೋಟೌನ್ ನಿರ್ಮಾಪಕ ನಾರ್ಮನ್ ವಿಟ್‌ಫೀಲ್ಡ್ ಈ ತಂಡದಿಂದ ‘ಕ್ಲೌಡ್ ನೈನ್’ ಹಾಡಿಸಿದರು. ಮೋಟೌನ್‌ಗೆ ಮೊದಲ ಗ್ರ್ಯಾಮಿ ತಂದುಕೊಟ್ಟ ಹಾಡು ಅದು. 1972ರ ‘ಪಾಪಾ ವಾಸ್ ಎ ರೋಲಿಂಗ್ ಸ್ಟೋನ್’ ಆಲ್ಬಮ್‌ನಲ್ಲಿ ಹನ್ನೆರಡು ನಿಮಿಷದ ಹತ್ತಿರ ಓಡುತ್ತದೆ. ಯಾರಾದರೂ ಬಾಯಿ ತೆಗೆಯೋ ಹೊತ್ತಿಗೆ ಸುಮಾರು ನಾಲ್ಕು ನಿಮಿಷ ಬರೀ ಬೇಸ್, ಗಿಟಾರ್, ಟ್ರಂಪೆಟ್. ಅದಕ್ಕೆ ಮೂರು ಗ್ರ್ಯಾಮಿ ಬಂತು. ಹಾಗಿದ್ದ ಮೇಲೆ ಫಂಕ್ ಅವರಿಗೆ ಬಾಡಿಗೆ ಮನೆ ಹೇಗಾಯಿತು? ಕೆಂಡ್ರಿಕ್ಸ್ ಕೂಡ ಅಷ್ಟೇ. ಒಬ್ಬರೇ ಆದ ಮೇಲೆ ಅವರಿಗೆ 1973ರಲ್ಲಿ ಅಮೆರಿಕದ ಮೊದಲ ಸ್ಥಾನ ತಂದ ‘ಕೀಪ್ ಆನ್ ಟ್ರಕಿನ್’ ಕುಣಿಯೋ ಹಾಡೇ.

ರಿಕ್ ಜೇಮ್ಸ್ ಕೂಡ ಕಂಪನಿ ಹುಡುಕಿ ತಂದ ಸಂಬಂಧ ಅಲ್ಲ. ತಂಡದ ಮಂದ್ರ ದನಿ ಮೆಲ್ವಿನ್ ಫ್ರಾಂಕ್ಲಿನ್ ಅವರನ್ನು ಅವರು ಮಾವ, ಚಿಕ್ಕಪ್ಪ ಅನ್ನೋ ಸಲುಗೆಯಲ್ಲಿ ಕರೆಯುತ್ತಿದ್ದರು. 1981ರ ‘ಸೂಪರ್ ಫ್ರೀಕ್’ ಇದೆಯಲ್ಲ, ಅದರಲ್ಲಿ ಹಿಂದೆ ಹಾಡುತ್ತಿರುವವರು ಟೆಂಪ್ಟೇಷನ್ಸ್. ಹಾಡಿನ ನಡುವೆ ರಿಕ್ ಹೆಸರು ಹಿಡಿದು ಅವರನ್ನು ಹಾಡಲು ಕರೆಯುತ್ತಾರೆ. ಎಷ್ಟೋ ಜನ ಆ ಹಾಡನ್ನು ನೂರು ಸಲ ಕೇಳಿದರೂ ಇದನ್ನು ಗಮನಿಸಿರೋದಿಲ್ಲ. ಮರುವರ್ಷ ರಿಕ್ ಆ ಋಣ ತೀರಿಸಿದರು, ಅಷ್ಟೇ. ಆಗ ಮೋಟೌನ್‌ನಲ್ಲಿ ಅವರಷ್ಟು ಬಿಸಿಬಿಸಿ ಓಡುತ್ತಿದ್ದವರು ಕಡಿಮೆ. ಅಂಥವರು ತಮ್ಮ ಹೊಸ ಹಾಡು ಹಿರಿಯರ ಕೈಗಿಟ್ಟರು.

ಸೋತಿತು ಅನ್ನುತ್ತಾರೆ. ಅಮೆರಿಕದ ಕಪ್ಪು ಸಂಗೀತದ ಜನಪ್ರಿಯತೆ ಪಟ್ಟಿಯಲ್ಲಿ ಆರನೇ ಸ್ಥಾನ, ಇಡೀ ದೇಶದ ಪಾಪ್ ಪಟ್ಟಿಯಲ್ಲಿ 66. ಈ ಅಂತರ ಹಾಡಿನ ತಪ್ಪಲ್ಲ. 1981ರ ಆಗಸ್ಟ್‌ನಲ್ಲಿ ಶುರುವಾದ ಎಂಟಿವಿ ಕಪ್ಪು ಗಾಯಕರ ವಿಡಿಯೊಗಳನ್ನು ಹೆಚ್ಚುಕಡಿಮೆ ಹಾಕುತ್ತಲೇ ಇರಲಿಲ್ಲ. ‘ಸೂಪರ್ ಫ್ರೀಕ್’ಗೇ ಜಾಗ ಸಿಗಲಿಲ್ಲ. ರಿಕ್ ಜೇಮ್ಸ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿ ಜಗಳಕ್ಕೆ ನಿಂತರು. ಬಾಗಿಲು ಹಾಕಿಕೊಂಡವರನ್ನು ಬಿಟ್ಟು ಹೊರಗೆ ನಿಂತವರನ್ನು ಬೈಯೋದು ಯಾವ ನ್ಯಾಯ? ಆಲ್ಬಮ್ ಅಂತೂ ಕಪ್ಪು ಸಂಗೀತದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು.

ಇನ್ನೊಂದು ಲೆಕ್ಕ ಇದೆ. ‘ಮೈ ಗರ್ಲ್’ ಹಾಡಿದ ಐವರಲ್ಲಿ ಪಾಲ್ ವಿಲಿಯಮ್ಸ್ 1973ರಲ್ಲೇ ತೀರಿಕೊಂಡಿದ್ದರು. ರಫಿನ್ 1991ರಲ್ಲಿ ಹೋದರು, ಐವತ್ತು ವರ್ಷಕ್ಕೆ. ಕೆಂಡ್ರಿಕ್ಸ್ 1992ರಲ್ಲಿ, ಫ್ರಾಂಕ್ಲಿನ್ 1995ರಲ್ಲಿ. ಇಬ್ಬರಿಗೂ ಐವತ್ತೆರಡು. ಸರಿಯಾದ ಹಾಡು ಬರಲಿ, ಸರಿಯಾದ ಕಾಲ ಬರಲಿ ಅಂತ ಕಾಯುತ್ತಾ ಕೂತಿದ್ದರೆ ಯಾರು ಉಳಿಯುತ್ತಿದ್ದರು? ಓಟಿಸ್ ವಿಲಿಯಮ್ಸ್ ಒಬ್ಬರೇ.

ವಿರೋಧ: ಊಟಕ್ಕೆ ಕರೆದು ಬಡಿಸೋಕೆ ಹಚ್ಚಿದರು

ಮೊದಲೇ ಹೇಳಿಬಿಡುತ್ತೇನೆ. ಆ ಹಾಡು ಕೆಟ್ಟದ್ದಲ್ಲ. ಬೇಸ್ ಶುರುವಾದರೆ ನನ್ನ ಕಾಲೂ ನೆಲ ಕುಟ್ಟುತ್ತದೆ. ಪಾತ್ರೆ ತೊಳೆಯುವಾಗ ಹಾಕಿಕೊಳ್ಳೋಕೆ ಅದಕ್ಕಿಂತ ಒಳ್ಳೇ ಹಾಡು ಬೇಕಿಲ್ಲ. ನನ್ನ ತಕರಾರು ಬೇರೆ.

‘ಮೈ ಗರ್ಲ್’ ಹೇಗೆ ಶುರುವಾಗುತ್ತದೆ, ನೆನಪು ಮಾಡಿಕೊಳ್ಳಿ. ಜೇಮ್ಸ್ ಜೇಮರ್ಸನ್ ಅವರ ಬೇಸ್ ಮೊದಲು, ಎದೆ ಬಡಿತದ ಹಾಗೆ. ಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಮೆಟ್ಟಿಲು ಹತ್ತುತ್ತದೆ. ಆಮೇಲೆ ರಫಿನ್, ಒಬ್ಬರೇ. ಗಂಟಲಲ್ಲಿ ಒಂಚೂರು ಮರಳು ಇರೋ ದನಿ. ಉಳಿದ ನಾಲ್ವರು ಕಾಯುತ್ತಾರೆ. ಕಾದು, ಕೆಳಗಿನಿಂದ ಬಂದು, ಅವರನ್ನು ಎತ್ತಿ ಹಿಡಿಯುತ್ತಾರೆ. ಈ ಕಾಯೋದು ಇದೆಯಲ್ಲ, ಅದೇ ಟೆಂಪ್ಟೇಷನ್ಸ್. ಯಾರು ಯಾವಾಗ ಸುಮ್ಮನಿರಬೇಕು ಅನ್ನೋದು ಅವರಿಗೆ ರಕ್ತದಲ್ಲಿತ್ತು. ವೇದಿಕೆ ಮೇಲೆ ಅವರು ಬಳಸುತ್ತಿದ್ದ ಮೈಕ್ ಸ್ಟ್ಯಾಂಡಿಗೆ ನಾಲ್ಕು ತಲೆ. ಒಬ್ಬೊಬ್ಬರಿಗೂ ಒಂದೊಂದು ಜಾಗ, ಒಂದೊಂದು ಎತ್ತರ.

‘ಸ್ಟ್ಯಾಂಡಿಂಗ್ ಆನ್ ದ ಟಾಪ್’ನಲ್ಲಿ ಯಾರಿಗೂ ಕಾಯೋ ಕೆಲಸವಿಲ್ಲ. ಬೇಸ್ ನಿಲ್ಲೋದೇ ಇಲ್ಲ, ಅದರ ಮೇಲೆ ಏಳು ಜನ ಸರದಿ ಪ್ರಕಾರ ಹತ್ತಿ ಇಳಿಯುತ್ತಾರೆ. ಎಂಟನೆಯವರು ರಿಕ್ ಜೇಮ್ಸ್. ಅವರ ದನಿಯೂ ಇದೆ, ಹೆಸರೂ ರೆಕಾರ್ಡಿನ ಮೇಲಿದೆ. ಹಾಡು ಎಷ್ಟು ಉದ್ದ ಅಂದರೆ ಸಿಂಗಲ್‌ನಲ್ಲಿ ಎರಡು ತುಂಡು ಮಾಡಬೇಕಾಯಿತು. ಮೊದಲ ಭಾಗ ಈ ಕಡೆ, ಎರಡನೇ ಭಾಗ ಆ ಕಡೆ. ಅಷ್ಟು ಉದ್ದದ ಹಾಡಿನಲ್ಲಿ ರಫಿನ್‌ಗೆ ಉಸಿರು ಬಿಟ್ಟು ಹಾಡಲು ಸಿಕ್ಕ ಜಾಗ ಎಷ್ಟು? ಹದಿನಾಲ್ಕು ವರ್ಷದ ಮೇಲೆ ಮನೆಗೆ ಬಂದವರನ್ನು ಊಟಕ್ಕೆ ಕೂರಿಸಬೇಕಿತ್ತು. ಸೌಟು ಕೈಗೆ ಕೊಟ್ಟು ಪಂಕ್ತಿಗೆ ಬಡಿಸಿ ಅಂದರು.

ನನ್ನ ಮುಂಚೆ ಬರೆದವರು ‘ಕ್ಲೌಡ್ ನೈನ್’ ನೆನಪಿಸಿದರು. ಸಂತೋಷ. ಆದರೆ ಕೆಂಡ್ರಿಕ್ಸ್ ಯಾಕೆ ತಂಡ ಬಿಟ್ಟರು ಅನ್ನೋದನ್ನು ಅವರು ಹೇಳಲಿಲ್ಲ. ತಂಡದೊಳಗಿನ ಜಗಳ ಒಂದು ಕಾರಣ. ವಿಟ್‌ಫೀಲ್ಡ್ ಮಾಡಿಸುತ್ತಿದ್ದ ಆ ಉದ್ದನೆಯ, ವಾದ್ಯವೇ ಎದ್ದು ಕೂಗೋ ಹಾಡುಗಳು ಅವರಿಗೆ ಸೇರುತ್ತಿರಲಿಲ್ಲ ಅನ್ನೋದು ಇನ್ನೊಂದು. ಅವರಿಗೆ ಬೇಕಾಗಿದ್ದು ನಿಧಾನದ, ಪ್ರೀತಿಯ ಹಾಡು. ಹೊರಡುವ ಮುಂಚೆ ಹಾಡಿದ ‘ಜಸ್ಟ್ ಮೈ ಇಮ್ಯಾಜಿನೇಷನ್’ ಕೇಳಿ, ಗೊತ್ತಾಗುತ್ತದೆ. ಯಾವುದನ್ನು ಬೇಡ ಅಂತ ಎದ್ದು ಹೋದರೋ, ವಾಪಸ್ ಬಂದಾಗ ಅದನ್ನೇ ಎಲೆಗೆ ಹಾಕಿದರು. ‘ಕೀಪ್ ಆನ್ ಟ್ರಕಿನ್’ ಕುಣಿಯೋ ಹಾಡು, ನಿಜ. ಆದರೆ ಅದನ್ನು ಅವರ ತೆಳು ದನಿಗೆ ಅಂತಲೇ ಅಳತೆ ತೆಗೆದು ಹೊಲಿದಿದ್ದರು. ಇದು ರೆಡಿಮೇಡ್. ಅಲ್ಲದೆ 1982ರ ಹೊತ್ತಿಗೆ ಸಿಗರೇಟು ಅವರ ದನಿಯನ್ನು ಸಾಕಷ್ಟು ತಿಂದಿತ್ತು. ಅಂಥ ಗಂಟಲನ್ನು ಆರು ಜನರ ನಡುವೆ, ಅಬ್ಬರದ ಬೇಸ್ ಎದುರು ನಿಲ್ಲಿಸಬಾರದಿತ್ತು.

ಇನ್ನೊಬ್ಬರ ಬಗ್ಗೆ ಯಾರೂ ಮಾತಾಡೋದಿಲ್ಲ. ಗ್ಲೆನ್ ಲಿಯೊನಾರ್ಡ್. 1975ರಿಂದ ಕೆಂಡ್ರಿಕ್ಸ್ ಹಾಡುತ್ತಿದ್ದ ಮೇಲಿನ ಸ್ವರಗಳನ್ನು ಹಾಡಿಕೊಂಡು ಬಂದವರು. ತಂಡದ ಹೆಸರು ಇಳಿದಿದ್ದ ಕಾಲದಲ್ಲಿ, ಮೋಟೌನ್ ಬಿಟ್ಟು ಅಟ್ಲಾಂಟಿಕ್ ಕಂಪನಿಗೆ ಹೋಗಿ ಕೈಸುಟ್ಟುಕೊಂಡು ವಾಪಸ್ ಬಂದಾಗಲೂ ಜೊತೆಗಿದ್ದವರು. ಒಂದು ದಿನ ಮೂಲ ಒಡೆಯರು ಬರುತ್ತಾರೆ, ಇವರು ಪಕ್ಕಕ್ಕೆ ಸರಿಯಬೇಕು. ಪೋಸ್ಟರ್ ನೋಡುವ ಜನಕ್ಕೆ ಬೇಕಿದ್ದದ್ದು ಎರಡೇ ಹೆಸರು. ಮರುವರ್ಷ ಲಿಯೊನಾರ್ಡ್ ತಂಡದಲ್ಲಿ ಇರಲಿಲ್ಲ. ಇದಕ್ಕೆ ಸಿಂಗಲ್ ಕಾರಣ ಅಂತ ನಾನು ಹೇಳುತ್ತಿಲ್ಲ. ಐದು ಜನರ ಹೆಜ್ಜೆಗೆ ಅಂತ ಕಟ್ಟಿದ ಕುಣಿತದಲ್ಲಿ ಏಳು ಜನ ನಿಂತರೆ ಯಾರೋ ಇಬ್ಬರು ಹೆಚ್ಚಾಗಲೇಬೇಕು, ಅಲ್ವಾ?

ಮತ್ತೆ, ಏಳು ಜನ ಸೇರಿ ಕಾರ್ಯಕ್ರಮ ಕೊಡಲು ಹೊರಟ ಆ ಪ್ರವಾಸ. ಮೈಕ್ ಯಾರೂ ಕಿತ್ತುಕೊಳ್ಳಲಿಲ್ಲ ಅಂತ ಗೆಳೆಯರು ಖುಷಿಪಟ್ಟರು. ಹೇಗೆ ಕಿತ್ತುಕೊಳ್ಳುತ್ತಾರೆ? ರಫಿನ್ ಎಷ್ಟೋ ಕಡೆ ಕಾರ್ಯಕ್ರಮಕ್ಕೇ ಬರಲಿಲ್ಲ. ಮಾದಕ ವಸ್ತುಗಳ ಚಟ ಬಿಟ್ಟಿರಲಿಲ್ಲ. ಟಿಕೆಟ್ ಕೊಂಡು ಬಂದ ಜನ ಏಳು ಜನರನ್ನು ನೋಡೋಕೆ ಬಂದು ಆರು ಜನರನ್ನು ನೋಡಿ ಮನೆಗೆ ಹೋದರು. ಪ್ರವಾಸ ಮುಗಿದ ಮೇಲೆ ಇಬ್ಬರಿಗೂ ಮತ್ತೆ ನಮಸ್ಕಾರ ಹೇಳಲಾಯಿತು. ಹಳೇ ಗಾಯ ಮಾಯುವ ಮುಂಚೆ ಅದರ ಮೇಲೆ ಹೊಸ ಬಟ್ಟೆ ಹೊಲಿಸಿದರು. ಸಿಂಗಲ್ ಬೇಗ ಬರಬೇಕಿತ್ತು, ಆಲ್ಬಮ್ ಬೇಗ ಮಾರಬೇಕಿತ್ತು. ಮಾತಾಡಿ ಮುಗಿಸಬೇಕಾದ ಮಾತು ಹಾಗೇ ಉಳಿಯಿತು.

ಎಂಟಿವಿ ಬಾಗಿಲು ಹಾಕಿತ್ತು, ಒಪ್ಪಿದೆ. ಅದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದೇನಾಯಿತು ನೋಡಿ. 1984ರಲ್ಲಿ ಟೆಂಪ್ಟೇಷನ್ಸ್‌ಗೆ ‘ಟ್ರೀಟ್ ಹರ್ ಲೈಕ್ ಎ ಲೇಡಿ’ ಅನ್ನೋ ಹಾಡು ಸಿಕ್ಕಿತು. ಬರೆದವರು ಓಟಿಸ್ ವಿಲಿಯಮ್ಸ್ ಮತ್ತು ತಂಡಕ್ಕೆ ಹೊಸದಾಗಿ ಸೇರಿದ್ದ ಅಲಿ-ಆಲಿ ವುಡ್ಸನ್. ಅಂದರೆ ತಂಡದ ಒಳಗಿನವರೇ. ಹೊರಗಿನವರು ಬರೆದ ಹಾಡಲ್ಲ, ರಫಿನ್ ಇರಲಿಲ್ಲ, ಕೆಂಡ್ರಿಕ್ಸ್ ಇರಲಿಲ್ಲ. ಅದು ಕಪ್ಪು ಸಂಗೀತದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ರಿಕ್ ಜೇಮ್ಸ್ ಹಾಡಿಗಿಂತ ಮೇಲೆ. ಹೊಸ ಕಾಲದ ಹಾಡು ಹಾಡಬಾರದು ಅಂತ ನಾನು ಹೇಳುತ್ತಿಲ್ಲ, ಗಮನಿಸಿ. ಅದೂ ಹೊಸ ಕಾಲದ ಕುಣಿತದ ಹಾಡೇ. ಆದರೆ ಅದು ಅವರದ್ದು.

ರಫಿನ್, ಕೆಂಡ್ರಿಕ್ಸ್ ಇಬ್ಬರ ಕಥೆ 1985ಕ್ಕೆ ಬರುತ್ತದೆ. ಹಾಲ್ ಮತ್ತು ಓಟ್ಸ್ ಅನ್ನೋ ಜೋಡಿ ಚಿಕ್ಕಂದಿನಿಂದ ಟೆಂಪ್ಟೇಷನ್ಸ್ ಹಾಡು ಕೇಳಿ ಬೆಳೆದವರು. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಅಪೊಲೊ ಥಿಯೇಟರ್ ರಿಪೇರಿಯಾಗಿ ಮತ್ತೆ ತೆರೆದಾಗ ಅವರು ರಫಿನ್ ಮತ್ತು ಕೆಂಡ್ರಿಕ್ಸ್ ಅವರನ್ನು ಕರೆಸಿದರು. ನಾಲ್ವರೂ ಸೇರಿ ಹಳೇ ಹಾಡುಗಳನ್ನು ಹಾಡಿದರು. ಅದರಲ್ಲಿ ಎರಡು ಹಾಡು ಕೂಡಿಸಿದ ಸಿಂಗಲ್ ಪಾಪ್ ಪಟ್ಟಿಯಲ್ಲಿ 20ನೇ ಸ್ಥಾನಕ್ಕೆ ಬಂತು. ಜೊತೆಗಿದ್ದವರು ಬಿಳಿಯರು, ಅದಕ್ಕೇ ಬಾಗಿಲು ತೆರೆಯಿತು ಅಂತ ಯಾರಾದರೂ ಅಂದರೆ ಇಲ್ಲ ಅನ್ನಲಾರೆ. ಅದೇ ವರ್ಷ ಜುಲೈ 13ರಂದು ಫಿಲಡೆಲ್ಫಿಯಾದಲ್ಲಿ, ಇಥಿಯೋಪಿಯಾದ ಬರಕ್ಕೆ ಹಣ ಕೂಡಿಸಲು ನಡೆದ ಲೈವ್ ಏಡ್ ವೇದಿಕೆಗೂ ನಾಲ್ವರು ಒಟ್ಟಿಗೆ ಬಂದರು. ಕೆಂಡ್ರಿಕ್ಸ್ ದನಿ ಸವೆದಿತ್ತು. ರಫಿನ್ ಮೊದಲಿನಷ್ಟೇ ತೆಳ್ಳಗೆ ಇದ್ದರು. ಅವತ್ತು ಅವರಿಗೆ ಯಾರೂ ಹೊಸ ಹಾಡು ಕಲಿಸಿರಲಿಲ್ಲ. ‘ಮೈ ಗರ್ಲ್’ ಬಂದಾಗ ಹಾಲ್ ಮತ್ತು ಓಟ್ಸ್ ಪಕ್ಕದಲ್ಲಿ ನಿಂತು ಹಿಂದಿನ ದನಿಗಳನ್ನು ಹಾಡಿದರು.