ತಲೆ ನೆನೆಯಬಾರದು, ಅಷ್ಟೇ

ಕೊಡಗಿನವರು ಹೆಲ್ಮೆಟ್ ಹಾಕಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜೂನ್ ತಿಂಗಳಲ್ಲಿ ಬಂದು ನೋಡಿ. ಮಡಿಕೇರಿಯಿಂದ ನಾಪೋಕ್ಲುವರೆಗೆ, ಗೋಣಿಕೊಪ್ಪದಿಂದ ಕುಟ್ಟದವರೆಗೆ, ಯಾವ ರಸ್ತೆ ಹಿಡಿದರೂ ಬೈಕಿನವರ ತಲೆ ಮೇಲೆ ಹೆಲ್ಮೆಟ್ ಇದ್ದೇ ಇರುತ್ತದೆ. ಪೊಲೀಸರು ಹೇಳದಿದ್ದರೂ ಹಾಕುತ್ತೇವೆ. ತೋಟದೊಳಗಿನ ಮಣ್ಣು ರಸ್ತೆಯಲ್ಲೂ ಹಾಕುತ್ತೇವೆ. ಗೇಟಿನಿಂದ ಡೈರಿಗೆ ಹಾಲು ಕೊಡಲು ಹೋಗುವಾಗಲೂ ಹಾಕುತ್ತೇವೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ತಲೆ ನೆನೆದರೆ ಶೀತ, ಶೀತ ಆದರೆ ಜ್ವರ, ಜ್ವರ ಬಂದರೆ ಮನೆಯಲ್ಲಿ ಬೈಗುಳ. ಇಷ್ಟು ಮುಂದಾಲೋಚನೆ ಇರುವ ಜನ ನಾವು.

ಅಕ್ಟೋಬರ್‌ನಲ್ಲಿ ಬಿಸಿಲು ಬಿದ್ದ ತಕ್ಷಣ ಹೆಲ್ಮೆಟ್ ತಲೆಯಿಂದ ಇಳಿದು ಬೈಕಿನ ಕನ್ನಡಿಗೆ ಹೋಗಿ ಕೂರುತ್ತದೆ. ಅಲ್ಲಿಂದ ಟ್ಯಾಂಕಿನ ಮೇಲೆ, ಟ್ಯಾಂಕಿನಿಂದ ಮೊಣಕೈಗೆ. ಮಳೆಹನಿ ಬಿದ್ದರೆ ತಲೆ ಹಾಳಾಗುತ್ತದೆ, ರಸ್ತೆಗೆ ಬಿದ್ದರೆ ಏನೂ ಆಗಲ್ಲ ಅನ್ನುವ ವಿಜ್ಞಾನ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿದೆ. ಡಿಸೆಂಬರ್ ಹೊತ್ತಿಗೆ ಹೆಲ್ಮೆಟ್ಟಿಗೆ ಬೇರೆ ಕೆಲಸ ಸಿಗುತ್ತದೆ. ಸಂತೆಗೆ ಹೋದವರು ಮೊಟ್ಟೆ ತಗೊಂಡು, ಹೊಂಡ ಗುಂಡಿಯ ರಸ್ತೆಯಲ್ಲಿ ಒಡೆದು ಹೋದೀತು ಅಂತ, ಹೆಲ್ಮೆಟ್ಟನ್ನು ತಲೆಕೆಳಗು ಮಾಡಿ ಅದರೊಳಗೆ ಮೊಟ್ಟೆ ಇಟ್ಟು, ಮಡಿಲಲ್ಲಿ ಹಿಡಿದುಕೊಂಡು ಬರುತ್ತಾರೆ. ಮೊಟ್ಟೆ ಒಂದೂ ಒಡೆಯುವುದಿಲ್ಲ. ಹೆಲ್ಮೆಟ್ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇನ್ನೇನು ಪುರಾವೆ ಬೇಕು?

ಆದರೂ ಈ ಹೆಲ್ಮೆಟ್ ಬೇಕಾ ಬೇಡವಾ ಅನ್ನುವ ಚರ್ಚೆ ಮಾತ್ರ ಇಲ್ಲಿ ಮುಗಿಯುವುದೇ ಇಲ್ಲ. ಕಾಫಿ ಜಿಲ್ಲೆಯ ಹೋಟೆಲ್‌ಗಳಲ್ಲಿ ಟೀ ಕುಡಿಯುತ್ತಾ (ಅದೇ ಒಂದು ಬೇರೆ ಲೇಖನಕ್ಕೆ ವಸ್ತು) ಜನ ಹೇಳುವ ವಾದಗಳನ್ನು ಕೇಳಬೇಕು. ಕೂದಲು ಉದುರುತ್ತೆ, ಸೆಕೆ ಆಗುತ್ತೆ, ಕುತ್ತಿಗೆ ನೋಯುತ್ತೆ ಅನ್ನುವುದೆಲ್ಲ ಇಡೀ ದೇಶದಲ್ಲಿ ಸಿಗುವ ಸಾದಾ ಮಾಲು. ಮಡಿಕೇರಿಯ ಮಂಜಿನಲ್ಲಿ ನಡುಗುತ್ತಾ ನಿಂತು 'ಸೆಕೆ' ಅನ್ನುವವರನ್ನೂ ನೋಡಿದ್ದೇನೆ, ಬಿಡಿ. ನಮ್ಮದೇ ಆದ ಒಂದು ವಾದ ಇದೆ. ಅದು ಆನೆಯದ್ದು.

ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ಅಮ್ಮತ್ತಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಫಿ ತೋಟದಲ್ಲಿ ಹಗಲು ಮಲಗಿದ ಆನೆ ಕತ್ತಲಾದ ಮೇಲೆ ರಸ್ತೆ ದಾಟುತ್ತದೆ. ಇದು ತಮಾಷೆಯ ವಿಷಯ ಅಲ್ಲ, ಬೆಳಗ್ಗೆ ಕೆಲಸಕ್ಕೆ ಹೊರಟವರು ವಾಪಸ್ ಬರದ ಮನೆಗಳು ಆ ಕಡೆ ಇವೆ. ವಾದ ಏನಪ್ಪಾ ಅಂದರೆ, ಹೆಲ್ಮೆಟ್ ಹಾಕಿದರೆ ಕಿವಿ ಮುಚ್ಚುತ್ತದೆ, ಕಿವಿ ಮುಚ್ಚಿದರೆ ಆನೆ ಬರುವ ಸದ್ದು ಕೇಳಿಸುವುದಿಲ್ಲ, ಹಾಗಾಗಿ ಹೆಲ್ಮೆಟ್ ಹಾಕದೆ ಇರುವುದೇ ಜೀವಕ್ಕೆ ಕ್ಷೇಮ. ಕೇಳಿದವರು ತಲೆ ಆಡಿಸುತ್ತಾರೆ. ಆನೆಯ ಕಾಲಿನ ಅಡಿಯಲ್ಲಿ ದಪ್ಪ ಮೆತ್ತೆ ಇದೆ, ಅದು ತರಗೆಲೆ ಮೇಲೆ ನಡೆದರೂ ಸದ್ದು ಬರುವುದು ಕಡಿಮೆ, ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಗೊತ್ತಾಗುವುದಿಲ್ಲ ಅಂತ ಇದೇ ಜನ ಇದೇ ಬೆಂಚಿನಲ್ಲಿ ಕೂತು ಹೋದ ವಾರ ಕಥೆ ಹೇಳಿರುತ್ತಾರೆ. ಕಾಡಿನಲ್ಲಿ ಸುಮ್ನೆ ನಿಂತವನಿಗೇ ಕೇಳಿಸದ ಆ ಹೆಜ್ಜೆ ಸದ್ದು, ಸೈಲೆನ್ಸರ್ ತೂತಾದ ಬುಲೆಟ್ ಮೇಲೆ, ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು, ಅರವತ್ತರ ಸ್ಪೀಡಿನಲ್ಲಿ ಹೋಗುವವನಿಗೆ ಹೆಲ್ಮೆಟ್ ಇಲ್ಲದಿದ್ದರೆ ಮಾತ್ರ ಕೇಳಿಸುತ್ತದೆ.

ಆನೆಗೂ ಹೆಲ್ಮೆಟ್ಟಿಗೂ ಇನ್ನೊಂದು ಸಂಬಂಧ ಇದೆ. ಊರಿನ ವಾಟ್ಸಾಪ್ ಗ್ರೂಪ್ ನೋಡಿ. 'ಮಾಲ್ದಾರೆ ರಸ್ತೆಯಲ್ಲಿ ಮರಿ ಸಮೇತ ಆನೆ ಇದೆ, ಜಾಗ್ರತೆ' ಅಂತ ಒಂದು ಮೆಸೇಜು. ಅದರ ಕೆಳಗೇ 'ಜಂಕ್ಷನ್‌ನಲ್ಲಿ ಪೊಲೀಸ್ ಇದ್ದಾರೆ, ಜಾಗ್ರತೆ' ಅಂತ ಇನ್ನೊಂದು. ಎರಡಕ್ಕೂ ಅದೇ ಕೈ ಮುಗಿದ ಇಮೋಜಿ, ಅದೇ 'ಥ್ಯಾಂಕ್ಸ್ ಅಣ್ಣ'. ಎರಡಕ್ಕೂ ಜನ ಬೈಕ್ ತಿರುಗಿಸಿ ಒಳದಾರಿ ಹಿಡಿಯುತ್ತಾರೆ. ವ್ಯತ್ಯಾಸ ಅಂದರೆ ಪೊಲೀಸರಿಂದ ತಪ್ಪಿಸಿಕೊಳ್ಳಲು ಹಿಡಿದ ಒಳದಾರಿಯಲ್ಲಿ ಆನೆ ಇರುತ್ತದೆ.

ಇನ್ನು ಶೌರ್ಯದ ವಾದಕ್ಕೆ ಬರೋಣ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಮಣ್ಣು ಇದು, ಇಲ್ಲಿಯವರಿಗೆ ಸಾವಿನ ಭಯ ತೋರಿಸಬೇಡಿ ಅಂತ ಎದೆ ತಟ್ಟಿ ಹೇಳುವವರಿದ್ದಾರೆ. ಒಪ್ಪಿದೆ. ಆದರೆ ಆ ಇಬ್ಬರೂ ಇದ್ದ ಸೈನ್ಯದಲ್ಲಿ ಹೆಲ್ಮೆಟ್ ಬೇಕಾ ಬೇಡವಾ ಅಂತ ಜವಾನರ ಮತ ಕೇಳುವ ಪದ್ಧತಿ ಇರಲಿಲ್ಲ. ನಮ್ಮಲ್ಲಿ ಮನೆಮನೆಗೂ ಒಬ್ಬ ನಿವೃತ್ತ ಹವಾಲ್ದಾರರೋ ಸುಬೇದಾರರೋ ಸಿಗುತ್ತಾರೆ. ಸರ್ವೀಸ್‌ನಲ್ಲಿ ಇರುವಷ್ಟು ದಿನ ಹೆಲ್ಮೆಟ್ ಇಲ್ಲದೆ ಕಂಟೋನ್ಮೆಂಟ್ ಗೇಟು ದಾಟಿದವರಲ್ಲ. ಪಿಂಚಣಿ ಶುರುವಾದ ತಿಂಗಳಿನಿಂದ ಅದೇ ತಲೆ ಬಟಾಬಯಲು. ಗಡಿಯಲ್ಲಿ ಶತ್ರುವಿನಿಂದ ಕಾಪಾಡಿ ತಂದ ತಲೆಯನ್ನು ಸುಂಟಿಕೊಪ್ಪದ ತಿರುವಿನಲ್ಲಿ ಎದುರಿಗೆ ಬರುವ ಟಿಪ್ಪರಿಗೆ ಒಪ್ಪಿಸುವುದು ಯಾವ ರೆಜಿಮೆಂಟಿನ ಸಂಪ್ರದಾಯವೋ ಗೊತ್ತಿಲ್ಲ.

ಕೋವಿಯ ವಾದ ಇನ್ನೂ ಚೆನ್ನಾಗಿದೆ. ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. 'ಕೋವಿಗೇ ನಮಗೆ ವಿನಾಯಿತಿ ಇದೆ, ಒಂದು ಟೋಪಿಗೆ ಇಲ್ವಾ?' ಅಂತ ಕೇಳಿದ ಹಿರಿಯರೊಬ್ಬರಿಗೆ ಏನು ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಪಕ್ಕದಲ್ಲಿದ್ದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪೇಟ ಸುತ್ತಿದ ಸಿಖ್ಖರಿಗೆ ಹೆಲ್ಮೆಟ್‌ನಿಂದ ವಿನಾಯಿತಿ ಕೊಡುತ್ತದೆ, ಹಾಗಾದರೆ ಕುಪ್ಯ (ನಮ್ಮ ಉದ್ದನೆಯ ಅಂಗಿ) ತೊಟ್ಟು ಮಂಡೆತುಣಿ (ನಮ್ಮ ಪೇಟ) ಕಟ್ಟಿ ಮದುವೆಗೆ ಹೋಗುವ ನಮಗೂ ಕೊಡಬೇಕು ಅಂತ. ಮದುವೆ ದಿನಕ್ಕೆ ಕೊಟ್ಟರೂ ಕೊಡಲಿ. ಆದರೆ ಇವರು ಬರ್ಮುಡಾ ಹಾಕಿಕೊಂಡು ಪೆಟ್ರೋಲ್ ಬಂಕಿಗೆ ಹೋಗುವ ದಿನಗಳ ಗತಿ ಏನು?

ಹಾಕಿ ಆಟ ಇರುವ ಊರಿನಲ್ಲಿ ಈ ಚರ್ಚೆ ನಡೆಯುವುದೇ ಒಂದು ಸೋಜಿಗ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಒಕ್ಕಗಳ, ಅಂದರೆ ಮನೆತನಗಳ, ಹಾಕಿ ಹಬ್ಬಕ್ಕೆ ಈಗ ನೂರಾರು ತಂಡಗಳು ಬರುತ್ತವೆ. ಅಜ್ಜಂದಿರಿಂದ ಮೊಮ್ಮಕ್ಕಳವರೆಗೆ ಆಡುತ್ತಾರೆ. ಆದರೆ ಯಾವ ಗೋಲ್ ಕೀಪರೂ 'ನಮ್ಮ ಒಕ್ಕದ ತಲೆ ಗಟ್ಟಿ' ಅಂತ ಹೆಲ್ಮೆಟ್ ಬಿಟ್ಟು ಗೋಲಿನಲ್ಲಿ ನಿಲ್ಲುವುದಿಲ್ಲ. 160 ಗ್ರಾಂ ತೂಗುವ ಚೆಂಡು ಹಣೆಗೆ ಬಡಿದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತು. ಮ್ಯಾಚ್ ಮುಗಿದ ಮೇಲೆ ಅದೇ ಗೋಲ್ ಕೀಪರ್ ಪ್ಯಾಡು, ಗ್ಲೌಸು, ಹೆಲ್ಮೆಟ್ಟು ಎಲ್ಲ ಚೀಲಕ್ಕೆ ತುಂಬಿ, ಚೀಲವನ್ನು ಬೈಕಿನ ಹಿಂದೆ ಭದ್ರವಾಗಿ ಕಟ್ಟಿ, ಬರಿತಲೆಯಲ್ಲಿ ಮನೆಗೆ ಹೊರಡುತ್ತಾನೆ. ಎದುರಿಗೆ ಬರುವ ಮರದ ಲಾರಿ 160 ಗ್ರಾಂಗಿಂತ ಸ್ವಲ್ಪ ಜಾಸ್ತಿ ತೂಗಬಹುದು.

ಬೆಂಗಳೂರಿನಿಂದ ಬರುವ ಬೈಕರ್‌ಗಳನ್ನು ಕಂಡರೆ ನಮಗೆ ನಗು. ಶನಿವಾರ ಬೆಳಗ್ಗೆ ಕುಶಾಲನಗರದ ಸೇತುವೆ ದಾಟಿ ಸಾಲಾಗಿ ಬರುತ್ತಾರೆ. ಮಂಡಿಗೆ ಗಾರ್ಡು, ಮೊಣಕೈಗೆ ಗಾರ್ಡು, ಬೆನ್ನಿಗೆ ಪ್ಲೇಟು, ಹೆಲ್ಮೆಟ್ ಮೇಲೆ ಕ್ಯಾಮೆರಾ. 'ಚಂದ್ರಲೋಕಕ್ಕಾ?' ಅಂತ ಕೇಳುತ್ತೇವೆ. ಅವರು ಸತ್ಯವಂತರು ಅಂತ ನಾನೇನೂ ಹೇಳುತ್ತಿಲ್ಲ, ಮಂಜಿನಲ್ಲಿ ಬ್ಲೈಂಡ್ ಕರ್ವಿನಲ್ಲಿ ಓವರ್‌ಟೇಕ್ ಮಾಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ನಗುವ ನಾವು ಯಾವ ವೇಷದಲ್ಲಿ ನಿಂತು ನಗುತ್ತಿದ್ದೇವೆ ಅಂದರೆ, ಹವಾಯಿ ಚಪ್ಪಲಿ, ಮಡಚಿ ಕಟ್ಟಿದ ಲುಂಗಿ, ಹಿಂದಿನ ಸೀಟಿನಲ್ಲಿ ಗ್ಯಾಸ್ ಸಿಲಿಂಡರ್.

ಹೆಲ್ಮೆಟ್ ಕೊಳ್ಳುವವರ ಲೆಕ್ಕಾಚಾರವೂ ಸ್ವಾರಸ್ಯವಾಗಿದೆ. ಕಾಯ್ದೆಯಲ್ಲಿ ದಂಡ 1,000 ರೂಪಾಯಿ, ಮೇಲೆ ಮೂರು ತಿಂಗಳು ಲೈಸೆನ್ಸ್ ಅಮಾನತು. 2019ರಲ್ಲಿ ಜನ ಬೊಬ್ಬೆ ಹಾಕಿದ ಮೇಲೆ ನಮ್ಮ ರಾಜ್ಯ ಸರ್ಕಾರ ದಂಡವನ್ನು 500ಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ಇ-ಚಲನ್‌ಗಳಿಗೆ ಶೇಕಡ 50 ರಿಯಾಯಿತಿ ಬೇರೆ ಬಂತು. ತಪ್ಪು ಮಾಡಿದವರಿಗೆ ಆಷಾಢದ ಸೇಲ್! ಬೆಂಗಳೂರಿನಲ್ಲಿ ಜನ ಕ್ಯೂ ನಿಂತು ಕಟ್ಟಿದರು. ಮೊದಲ ದಿನವೇ ದಂಡ ಕಟ್ಟಿದ ಪ್ರಾಮಾಣಿಕ ಮಾತ್ರ ಪೂರ್ತಿ ರೇಟು ಕೊಟ್ಟು ಮೂರ್ಖನಾದ. ಈಗ ಲೆಕ್ಕ ಹಾಕಿ. ದಂಡ 500, ಕಾದರೆ 250. ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತು ಹಾಕಿದ ಅರ್ಧ ಟೋಪಿ ಅದಕ್ಕಿಂತ ಅಗ್ಗ. ಒಳ್ಳೆಯ ಐಎಸ್‌ಐ ಹೆಲ್ಮೆಟ್ಟಿಗೆ ಅದರ ನಾಲ್ಕೈದು ಪಟ್ಟು. ತಲೆಯ ಬೆಲೆಯನ್ನು ಬಿಟ್ಟು ಮಿಕ್ಕೆಲ್ಲದರ ಬೆಲೆ ಈ ಲೆಕ್ಕದಲ್ಲಿ ಇದೆ.

ಆ ಅರ್ಧ ಟೋಪಿಯನ್ನು ಒಮ್ಮೆ ತಿರುಗಿಸಿ ನೋಡಬೇಕು. ಒಳಗೆ ಒಂದು ತೆಳು ಸ್ಪಂಜು, ಅಷ್ಟೇ. ಸರಿಯಾದ ಹೆಲ್ಮೆಟ್‌ನಲ್ಲಿ ಕೆಲಸ ಮಾಡುವುದು ಹೊರಗಿನ ಗಟ್ಟಿ ಚಿಪ್ಪು ಒಂದೇ ಅಲ್ಲ, ಅದರೊಳಗಿನ ದಪ್ಪ ಥರ್ಮೊಕೋಲ್ ಕೂಡ. ತಲೆ ಬಡಿದಾಗ ಅದು ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗುತ್ತದೆ. ಅದಕ್ಕೇ 2021ರ ಜೂನ್ 1ರಿಂದ ಐಎಸ್‌ಐ ಗುರುತು ಇಲ್ಲದ ಬೈಕ್ ಹೆಲ್ಮೆಟ್ ಮಾರುವುದನ್ನೇ ನಿಷೇಧಿಸಿದ್ದಾರೆ. ನಿಷೇಧ ಆದ ಮೇಲೆ ಏನಾಯಿತು? ಅರ್ಧ ಟೋಪಿಗೂ ಐಎಸ್‌ಐ ಸ್ಟಿಕ್ಕರ್ ಬಂತು. ಮಂಗಳೂರಿನಿಂದ ಘಟ್ಟ ಹತ್ತಿ ಬರುವ ಸತ್ತ ಬಂಗುಡೆಗೂ ದಪ್ಪ ಥರ್ಮೊಕೋಲ್ ಪೆಟ್ಟಿಗೆ ಇದೆ, ಜೀವ ಇರುವ ನಮ್ಮ ತಲೆಗೆ ಸ್ಟಿಕ್ಕರ್.

ಹಿಂದೆ ಕೂತವರ ತಲೆಯನ್ನಂತೂ ಯಾರೂ ಲೆಕ್ಕಕ್ಕೇ ತಗೊಂಡಿಲ್ಲ. 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಆದರೂ ಯಜಮಾನರು ಹೆಲ್ಮೆಟ್ ಹಾಕಿರುತ್ತಾರೆ, ಹೆಂಡತಿ ಬರಿತಲೆ, ನಡುವೆ ಮಗು ಬರಿತಲೆ. ಬೈಕ್ ಬಿದ್ದರೆ ಬರೀ ಯಜಮಾನರು ಮಾತ್ರ ಬೀಳುತ್ತಾರೆ ಅಂತ ಕಂಪನಿಯವರು ಗ್ಯಾರಂಟಿ ಕೊಟ್ಟ ಹಾಗಿದೆ.

ಬಿದ್ದ ಮೇಲೆ ಏನು ಅನ್ನುವುದನ್ನು ಇಲ್ಲಿಯವರು ಬೇರೆ ಯಾರಿಗಿಂತ ಜಾಸ್ತಿ ಯೋಚಿಸಬೇಕಿತ್ತು. ತಲೆಗೆ ದೊಡ್ಡ ಪೆಟ್ಟು ಬಿದ್ದರೆ ಇಲ್ಲಿಂದ ಮೈಸೂರಿಗೋ ಮಂಗಳೂರಿಗೋ ಕರೆದುಕೊಂಡು ಹೋಗುವುದೇ ರೂಢಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರು ಅದಕ್ಕಿಂತ ದೂರ, ನಡುವೆ ಸಂಪಾಜೆ ಘಾಟಿ, ಮಳೆಗಾಲದಲ್ಲಿ ಗುಡ್ಡ ಜರಿದರೆ ಆ ದಾರಿಯೂ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಆ ದಾರಿ ಮುಚ್ಚಿದ್ದು ನೆನಪಿದೆಯಲ್ಲ? ಮೊದಲ ಒಂದು ಗಂಟೆ ಮುಖ್ಯ ಅಂತ ಡಾಕ್ಟರು ಹೇಳುತ್ತಾರೆ. ಆ ಒಂದು ಗಂಟೆಯಲ್ಲಿ ಆಂಬುಲೆನ್ಸ್ ಕೊಡಗಿನ ತಿರುವುಗಳನ್ನು ದಾಟಿ ಬೈಲುಕುಪ್ಪೆ ಹತ್ತಿರ ಹೋಗಿರುತ್ತದೆ ಅಷ್ಟೇ. 2019ರ ಜೂನ್‌ನಲ್ಲಿ ನಾವೆಲ್ಲ ಸೇರಿ ಕೊಡಗಿಗೆ ಒಂದು ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಟ್ವಿಟ್ಟರ್‌ನಲ್ಲಿ ಹ್ಯಾಶ್‌ಟ್ಯಾಗ್ ಅಭಿಯಾನ ಮಾಡಿದೆವು. ನ್ಯಾಯವಾದ ಬೇಡಿಕೆ, ಈಗಲೂ ಕೇಳಬೇಕು, ಬಿಡಬಾರದು. ಆದರೆ ಆ ಟ್ವೀಟುಗಳಲ್ಲಿ ಒಂದಷ್ಟು ಓಡುತ್ತಿರುವ ಬೈಕಿನ ಹಿಂದಿನ ಸೀಟಿನಿಂದ, ಬರಿತಲೆಯವರು ಹಾಕಿದ್ದು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಒಳ್ಳೆಯ ಹೆಲ್ಮೆಟ್ ಸರಿಯಾಗಿ ಹಾಕಿದರೆ ಸಾಯುವ ಅಪಾಯ ಶೇಕಡ 40ರಷ್ಟು, ತಲೆಗೆ ಗಂಭೀರ ಪೆಟ್ಟು ಬೀಳುವ ಅಪಾಯ ಶೇಕಡ 70ರಷ್ಟು ಕಡಿಮೆ ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈ ಸೌಲಭ್ಯಕ್ಕೆ ಸರ್ಕಾರದ ಜಾಗ ಬೇಡ, ಟೆಂಡರ್ ಬೇಡ, ಶಂಕುಸ್ಥಾಪನೆಗೆ ಮಂತ್ರಿಗಳೂ ಬೇಡ. ಅದಕ್ಕೇ ಇರಬೇಕು ಯಾರಿಗೂ ಆಸಕ್ತಿ ಇಲ್ಲ.

ಹಾಗಂತ ಬದಲಾವಣೆ ಆಗಿಯೇ ಇಲ್ಲ ಅಂತಲ್ಲ. ನಮ್ಮ ಪಕ್ಕದ ತೋಟದ ಹುಡುಗ ಮೊನ್ನೆ ಹೊಸ ಹೆಲ್ಮೆಟ್ ತಂದಿದ್ದಾನೆ. ಫುಲ್ ಫೇಸ್, ಅಸಲಿ ಐಎಸ್‌ಐ, ಬೈಕಿನ ಬಣ್ಣಕ್ಕೆ ಮ್ಯಾಚಿಂಗ್. ನಿಂತು ತೋರಿಸಿದ. ಒಳಗಿನ ಥರ್ಮೊಕೋಲ್ ಒತ್ತಿ ತೋರಿಸಿದ, ಸ್ಟಿಕ್ಕರ್ ಅಲ್ಲ ಅಚ್ಚು ಅಂತ ಗುರುತು ತೋರಿಸಿದ, ಗೂಗಲ್‌ನಲ್ಲಿ ರೇಟಿಂಗ್ ಕೂಡ ತೋರಿಸಿದ. ತಲೆಗೆ ಏರಿಸಿ ಕಿಕ್ ಹೊಡೆದ. ಬಕಲ್ ಗಾಳಿಯಲ್ಲಿ ನೇತಾಡುತ್ತಿತ್ತು.

'ಬಕಲ್ ಹಾಕಲ್ವೇನೋ?' ಅಂದೆ.

'ಬೇಡ ಅಂಕಲ್,' ಅಂದ, 'ಬೆಳಗ್ಗೆ ತಾನೇ ಗಡ್ಡ ಸೆಟ್ ಮಾಡಿಸಿದ್ದೀನಿ.'