ಕಾದಂಬರಿ, ಕ್ರೋಶಾ ಕಡ್ಡಿ ಮತ್ತು ಹಪ್ಪಳದ ಡಬ್ಬ

ಮಲೆನಾಡಿನ ಮಳೆಗಾಲ ಕಾದಂಬರಿ ಬರೆಯುವುದಕ್ಕೆ ಹೇಳಿ ಮಾಡಿಸಿದ ಕಾಲ ಎನ್ನುವವರೆಲ್ಲ ಬೆಂಗಳೂರಿನಲ್ಲಿರುತ್ತಾರೆ. ಆಗುಂಬೆಯಲ್ಲಿ ಒಂದು ರಾತ್ರಿ ಉಳಿದು, ಹೋಂಸ್ಟೇ ಜಗಲಿಯಲ್ಲಿ ಕೂತು ಬಿಸಿ ಬೋಂಡಾ ತಿಂದು, ಸೂರಿನಿಂದ ನೀರು ಬೀಳುವ ವಿಡಿಯೊ ಮಾಡಿಕೊಂಡು ಹೋಗಿರುತ್ತಾರೆ. "ನಿನಗೇನಮ್ಮಾ, ಹೊರಗೆ ಮಳೆ, ಒಳಗೆ ಕಾಫಿ, ಕೈಯಲ್ಲಿ ಪೆನ್ನು" ಅಂತ ಫೋನು ಮಾಡುತ್ತಾರೆ. ಹೊರಗೆ ಮಳೆ ಇರುವುದು ನಿಜ. ಒಳಗೂ ಮಳೆಯೇ. ಮಂಗ ಹಾರಿ ಹಂಚು ಒಡೆದ ಜಾಗದ ಕೆಳಗೆ ಇಟ್ಟ ಬೋಗುಣಿ ತುಂಬಿತಾ ಅಂತ ಎದ್ದು ನೋಡಿ ಬರುವಷ್ಟರಲ್ಲಿ, ನನ್ನ ಕಥಾನಾಯಕಿ ಏನು ಹೇಳಬೇಕು ಅಂತಿದ್ದಳೋ ಅದನ್ನು ಮರೆತಿರುತ್ತಾಳೆ.

ನಾನಿರುವುದು ಸಾಗರದ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ. ನನಗೆ ಎರಡು ಚಟ. ಒಂದು ಕಾದಂಬರಿ, ಇನ್ನೊಂದು ಕೈಕೆಲಸ. ಕ್ರೋಶಾ, ಕಸೂತಿ, ನೂಲಿಗೆ ಬಣ್ಣ ಹಾಕುವುದು, ಬುಟ್ಟಿಗೆ ಚಿತ್ತಾರ ಬರೆಯುವುದು, ಹೀಗೆ ಏನಾದರೊಂದು ನಡೆದೇ ಇರುತ್ತದೆ. ಎರಡಕ್ಕೂ ಬೇಕಾದದ್ದು ಅದೇ ಎರಡು ಕೈ. ಯಾವ ತಿಂಗಳು ಕೈ ಯಾವುದಕ್ಕೆ ಬಿಡುವಾಗುತ್ತದೆ ಅಂತ ತೀರ್ಮಾನಿಸುವುದು ಮಾತ್ರ ನಾನಲ್ಲ, ಗೋಡೆಗೆ ನೇತು ಹಾಕಿದ ಪಂಚಾಂಗ.

ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರು. ಜೂನ್ ಮೊದಲ ವಾರ ಮೃಗಶಿರ, ಆಮೇಲೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನದ ಸರದಿ. ಒಂದು ವರ್ಷ ನಾನು ಇದನ್ನೇ ನಂಬಿ ಟೈಮ್ ಟೇಬಲ್ ಹಾಕಿದ್ದೆ. ಮೃಗಶಿರದಲ್ಲಿ ನಾಯಕಿಯ ಬಾಲ್ಯ, ಆರಿದ್ರೆಯಲ್ಲಿ ಪ್ರೇಮ, ಪುನರ್ವಸುವಿನಲ್ಲಿ ಮನಸ್ತಾಪ, ಪುಷ್ಯದಲ್ಲಿ ಮುಕ್ತಾಯ. ಆರಿದ್ರೆ ಬಂತು. ಪ್ರೇಮ ಬರುವ ಮೊದಲು ಗಾಳಿ ಬಂತು. ಎಲ್ಲೋ ಲೈನಿನ ಮೇಲೆ ಮರ ಬಿತ್ತು, ಕರೆಂಟು ಹೋಯಿತು. ಲ್ಯಾಪ್‌ಟಾಪ್ ಒಂದೆರಡು ಗಂಟೆ ಜೀವ ಹಿಡಿದುಕೊಂಡಿತ್ತು, ಇನ್‌ವರ್ಟರ್ ಅದಕ್ಕಿಂತ ಮೊದಲೇ ಕಣ್ಣು ಮುಚ್ಚಿತು.

ಇಲ್ಲೇ ಕೈಕೆಲಸ ಗೆಲ್ಲುವುದು. ಕತ್ತಲಲ್ಲಿ ಕಾದಂಬರಿ ಬರೆಯಲು ಆಗುವುದಿಲ್ಲ, ಕ್ರೋಶಾ ಹೆಣೆಯಬಹುದು. ಸರಪಳಿ, ಕಂಬ, ಮತ್ತೆ ಸರಪಳಿ. ಕಣ್ಣು ಬೇಡ, ಬೆರಳಿಗೇ ಲೆಕ್ಕ ಗೊತ್ತಿರುತ್ತದೆ. ಆ ವರ್ಷ ಟೀಪಾಯಿಗೆ ಅಂತ ಶುರು ಮಾಡಿದ ಬಟ್ಟೆ ಊಟದ ಮೇಜಿಗೆ ಸಾಕಾಗುವಷ್ಟಾಯಿತು, ಆಮೇಲೆ ಮಂಚಕ್ಕೂ ಸಾಕಾಯಿತು. ಎಲ್ಲಿ ನಿಲ್ಲಿಸಬೇಕು ಅಂತ ನೋಡಿಕೊಳ್ಳಲು ಬೆಳಕೇ ಇರಲಿಲ್ಲವಲ್ಲ! ಕರೆಂಟು ಎಷ್ಟು ದಿನ ಹೋಗಿತ್ತು ಅಂತ ಯಾರಿಗಾದರೂ ಲಿಖಿತ ದಾಖಲೆ ಬೇಕಿದ್ದರೆ ನಮ್ಮ ಮನೆ ಮಂಚ ನೋಡಬಹುದು.

ಹಗಲು ಹೊತ್ತಿನಲ್ಲಿ ಬರೆಯೋಣ ಅಂತ ನೋಟ್‌ಬುಕ್ ಹಿಡಿದುಕೊಂಡೆ. ಮಲೆನಾಡಿನ ಮಳೆಗಾಲದಲ್ಲಿ ಕಾಗದ ಕಾಗದವಾಗಿ ಉಳಿಯುವುದಿಲ್ಲ. ಮೆತ್ತಗಾಗುತ್ತದೆ, ಅಂಚು ಸುರುಟುತ್ತದೆ, ಒಂದು ವಾರ ಮುಟ್ಟದೆ ಬಿಟ್ಟರೆ ಬೂಷ್ಟು ಬರುತ್ತದೆ. ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಬರುವ ಬೂಷ್ಟು ಕಾದಂಬರಿಗೆ ಬಾರದೆ ಇರುತ್ತದೆಯೇ? ಹಾಗಾಗಿ ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮಗಳ ಸಾಕ್ಸು, ಇವರ ಬನೀನು, ನನ್ನ ಉಲ್ಲನ್ ನೂಲು, ಎರಡನೇ ಅಧ್ಯಾಯ, ಎಲ್ಲ ಸಾಲಾಗಿ ಒಣಗುತ್ತಿದ್ದವು. ಸ್ನಾನಕ್ಕೆ ಹೋದವರು ಪುಕ್ಕಟೆ ಓದಿಕೊಂಡು ಬರುತ್ತಿದ್ದರು. "ಆ ಹುಡುಗನಿಗೆ ಕೆಲಸ ಇಲ್ಲ ಅಲ್ವಾ, ಅವನನ್ನು ಯಾಕೆ ಮದುವೆ ಆಗ್ತಾಳೆ?" ಅಂತ ಇವರು ತಲೆ ಒರೆಸಿಕೊಳ್ಳುತ್ತಾ ಬಂದು ಕೇಳಿದ್ದುಂಟು.

ಇಂಬಳದ, ಅಂದರೆ ಜಿಗಣೆಯ ಕತೆ ಹೇಳಲೇಬೇಕು. ತೋಟದಿಂದ ನನ್ನ ಕಾಲು ಹಿಡಿದು ಬಂದ ಒಂದು ಇಂಬಳ, ಹೊಟ್ಟೆ ತುಂಬಿದ ಮೇಲೆ ನೋಟ್‌ಬುಕ್ಕಿನೊಳಗೆ ಹೋಗಿ ಮಲಗಿತ್ತು. ಗೊತ್ತಾಗದೆ ಮುಚ್ಚಿಟ್ಟೆ. ಅದು ಪ್ರೇಮಪತ್ರದ ಪುಟ. ಮರುದಿನ ನಮ್ಮ ಅತ್ತಿಗೆ ಬಂದವರು ಪುಸ್ತಕ ತೆಗೆದು ನೋಡಿ, "ಯಾರನ್ನ ಕೊಂದ್ಯೇ?" ಅಂತ ಕೂಗಿಕೊಂಡರು. ನೆತ್ತರು ಎರಡೂ ಪುಟಕ್ಕೆ ಹರಡಿ, ನಾಯಕ ಬರೆದ "ನಿನ್ನವನೇ ಆದ" ಅಂತ ಒಂದು ಸಾಲು ಬಿಟ್ಟರೆ ಮತ್ತೇನೂ ಓದಲು ಬರುವ ಹಾಗಿರಲಿಲ್ಲ. ನಾನು ಅಂಥ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ ಅಂತ ಅತ್ತಿಗೆಗೆ ಬಹಳ ದಿನ ಹೆಮ್ಮೆ ಇತ್ತು. ನಿಜ ಹೇಳಿದ ಮೇಲೆ ಕಾದಂಬರಿಯ ಮೇಲಿದ್ದ ಆಸಕ್ತಿಯೇ ಹೋಯಿತು.

ಋತುಗಳ ಹಾವಳಿ ಕತೆಯ ಒಳಗೂ ನುಗ್ಗಿತು. ಕಿಟಕಿಯಿಂದ ಕಂಡ ಹವೆಯನ್ನೇ ಬರೆಯುವ ಅಭ್ಯಾಸ ನನ್ನದು. ನಾಯಕಿ ಪುಷ್ಯದ ಮಳೆಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಾ ನಿಂತಳು. ಅಷ್ಟರಲ್ಲಿ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವವರು ಸಿಕ್ಕಿದರು. ಮೈಲುತುತ್ತ ಕರಗಿಸು, ಸುಣ್ಣ ಸೋಸು, ಅವರಿಗೆ ತಿಂಡಿ ಮಾಡು, ಮಳೆ ಬಂತು, ಔಷಧಿ ತೊಳೆದುಹೋಯಿತು, ಮತ್ತೆ ಕರಗಿಸು. ಆಮೇಲೆ ಚೌತಿ ಬಂತು. ನಾನು ಪುನಃ ಆ ಪುಟಕ್ಕೆ ಬಂದಾಗ ಹೊರಗೆ ಹೂಬಿಸಿಲು, ಎಲ್ಲೆಲ್ಲೂ ಗೌರಿ ಹೂವು. ಅದನ್ನೂ ಬರೆದೆ. ಇನ್ನೊಂದು ಪ್ಯಾರಾ ಆಗುವಾಗ ನವರಾತ್ರಿ. ನಾಯಕಿ ಇನ್ನೂ ಬಸ್ ಸ್ಟ್ಯಾಂಡಿನಲ್ಲೇ ಇದ್ದಳು, ಕೊಡೆ ಮಡಚಿದ್ದಳು ಅಷ್ಟೇ. ಇವರಿಗೆ ಓದಿ ಹೇಳಿದೆ. "ಇಡೀ ಕಾದಂಬರೀಲಿ ಇದೊಂದು ಭಾಗ ನಿಜ ಅನ್ನಿಸ್ತದೆ. ನಮ್ಮ ರೂಟಿನ ಬಸ್ಸು ಬರೋದೇ ಹಾಗೆ" ಎಂದರು.

ಆಶ್ವಯುಜ ಹುಣ್ಣಿಮೆ ನಮ್ಮ ಕಡೆ ಭೂಮಿ ಹುಣ್ಣಿಮೆ. ದೀವರು ಸಮುದಾಯದವರ ಮನೆಗಳಲ್ಲಿ ಅದಕ್ಕೆ ಭೂಮಣ್ಣಿ ಬುಟ್ಟಿ ಸಿದ್ಧ ಮಾಡುತ್ತಾರೆ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆ. ಕುಂಚ ಪುಂಡಿ ನಾರಿನದು. ಹುರಿದು ಕಪ್ಪು ಮಾಡಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಹುಣ್ಣಿಮೆ ದಿನ ಬೆಳಕು ಹರಿಯುವ ಮೊದಲೇ ಅದೇ ಬುಟ್ಟಿಯಲ್ಲಿ ಅಡುಗೆ ಹೊತ್ತುಕೊಂಡು ಗದ್ದೆಗೆ ಹೋಗುತ್ತಾರೆ. ಬತ್ತಕ್ಕೆ ತೆನೆ ಕಟ್ಟುವ ಕಾಲ, ಬಸುರಿ ಭೂಮಿಗೆ ಬಯಕೆ ಊಟ. ನನಗೆ ಈ ಚಿತ್ತಾರ ಕಲಿಸಿದ್ದು ಆಚೆಮನೆ ಅಕ್ಕ. ಅವಳು ಪೆನ್ಸಿಲ್ ಹಿಡಿಯುವುದಿಲ್ಲ, ಸ್ಕೇಲ್ ಇಡುವುದಿಲ್ಲ, ಗುರುತು ಹಾಕುವುದಿಲ್ಲ. ಎಳೆ ಎಳೆದರೆ ಮುಗಿಯಿತು, ಆ ತುದಿಯಿಂದ ಈ ತುದಿಗೆ ಕೂದಲೆಳೆಯಷ್ಟೂ ಅಲುಗದೆ ಬರುತ್ತದೆ. ನನ್ನದು ಹೊರಟ ಜಾಗದಿಂದ ಸ್ವಲ್ಪ ದೂರ ಸರಿಯಾಗಿಯೇ ಹೋಯಿತು. ಆಗ ಹಿಂದಿನಿಂದ ಅವಳ ಮನೆ ಹುಂಜ ಕೂಗಿತು.

"ಇದೆಂತ ತಂಗಿ, ಹಾವಾ?" ಅಂದಳು ಅಕ್ಕ.

"ಎಳೆ ಅಕ್ಕಾ."

"ಇರ್ಲಿ ಬಿಡು. ಗದ್ದೇಲಿ ಹಾವೂ ಇರ್ತಾವಲ್ಲ. ಅದಿರ್ಲಿ, ನಿನ್ನ ಕತೆ ಬುಕ್ಕು ಎಲ್ಲಿಗೆ ಬಂತು?"

ಮೂರನೇ ಸಲ ತಿದ್ದಿ ಬರೆಯುತ್ತಾ ಇದ್ದೇನೆ ಅಂದೆ. ಅವಳ ಕುಂಚ ನಿಂತಿತು. "ಮೂರ್ ಸಲ ಬರ್ದ್ಯಾ? ಅದೇ ಕತೇನಾ?" ಎಂದು ನನ್ನ ಮುಖ ನೋಡಿದಳು. ಪಾಪ, ಇವಳಿಗೆ ಮೊದಲನೇ ಸಲ ಯಾಕೆ ಬರಲಿಲ್ಲವೋ ಅನ್ನುವ ಕನಿಕರ ಆ ಮುಖದಲ್ಲಿತ್ತು.

ಇನ್ನು ನವೆಂಬರ್. ಮಗಳು ಕಾಲೇಜಿನಿಂದ ಒಂದು ಸುದ್ದಿ ತಂದಿದ್ದಳು. ಅಮೆರಿಕದಲ್ಲಿ ನ್ಯಾನೊರೈಮೊ ಅಂತ ಒಂದು ಶುರುವಾಗಿತ್ತಂತೆ, ನವೆಂಬರ್ ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವುದು. ದಿನಕ್ಕೆ ಸುಮಾರು 1,667 ಪದ. 1999ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಕಡೆಯ ಒಂದಿಪ್ಪತ್ತು ಜನ ಸೇರಿ ಜುಲೈನಲ್ಲಿ ಶುರು ಮಾಡಿದ್ದು. ಮರುವರ್ಷ ಅದನ್ನು ನವೆಂಬರಿಗೆ ತಂದರು. ಯಾಕೆ ಅಂದರೆ ಅಲ್ಲಿ ನವೆಂಬರಿನ ಹವೆ ಕೆಟ್ಟದು, ಹೊರಗೆ ಹೋಗುವ ಆಸೆ ಯಾರಿಗೂ ಇರುವುದಿಲ್ಲ, ಒಳಗೆ ಕೂತು ಬರೆಯುತ್ತಾರೆ ಅಂತ. ಲೆಕ್ಕಾಚಾರ ಒಳ್ಳೆಯದೇ. ಆದರೆ ಅವರಿಗೆ ಅಡಿಕೆ ತೋಟ ಇರಲಿಲ್ಲ. ನಮ್ಮಲ್ಲಿ ನವೆಂಬರ್ ಅಂದರೆ ಕೊಯ್ಲು. ಅವರು ಜುಲೈ ಬಿಟ್ಟದ್ದೇ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಜುಲೈ ಹವೆ ಎಷ್ಟು ಕೆಟ್ಟದಾಗಿರಬಹುದು ಅಂತ ನಮ್ಮೂರಿಗೆ ಬಂದಿದ್ದರೆ ತೋರಿಸುತ್ತಿದ್ದೆ. ಕರೆಂಟಿನ ವಿಷಯ ಮಾತ್ರ ಮೊದಲು ಹೇಳುತ್ತಿರಲಿಲ್ಲ.

ಆದರೂ ಹಟಕ್ಕೆ ಬಿದ್ದು ಶುರು ಮಾಡಿದೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರಿಗೆ ಒಂದು ವಿಶೇಷ ಶಕ್ತಿ ಇದೆ. ಬರುತ್ತೇನೆ ಎಂದ ದಿನ ಬರುವುದಿಲ್ಲ, ನಾನು ಬಾಗಿಲು ಹಾಕಿ ಬರೆಯಲು ಕೂತ ದಿನ ಅಂಗಳದಲ್ಲಿ ನಿಂತು ಕೆಮ್ಮುತ್ತಾರೆ. ಕೊನೆ ಇಳಿಯಿತು ಅಂದರೆ ಸುಲಿಯಬೇಕು, ಬೇಯಿಸಬೇಕು, ಅಟ್ಟಕ್ಕೆ ಹಾಕಬೇಕು. ಈಗ ಸುಲಿಯುವ ಮಿಷನ್ ಬಂದಿದೆ. ಆದರೆ ನಮ್ಮನೆಯಲ್ಲಿ ಇನ್ನೂ ಒಂದಿಷ್ಟು ಮೆಟ್ಟುಗತ್ತಿಯಲ್ಲೇ ಆಗುತ್ತದೆ, ಅದಕ್ಕೆ ನಾನೇ ಒತ್ತಾಯ ಮಾಡುತ್ತೇನೆ. ಕಾರಣ ಮಾತು. ರಾತ್ರಿ ಸುಲಿಯಲು ಕೂತ ಹೆಂಗಸರ ಬಾಯಲ್ಲಿ ಬರುವಷ್ಟು ಕತೆ ನನ್ನ ತಲೆಯಲ್ಲಿ ಹುಟ್ಟುವುದಿಲ್ಲ. ಯಾರ ಮನೆ ಪಾಲಾಯಿತು, ಯಾರು ಯಾರ ಜೊತೆ ಹೊಳೆ ದಾಟಿದರು, ಎಲ್ಲ ಅಲ್ಲೇ. ನಾನು ಮಧ್ಯೆ ಮಧ್ಯೆ ಎದ್ದು ಹೋಗಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು ಬರುತ್ತಿದ್ದೆ. ಒಂದು ದಿನ ಗೊತ್ತಾಗಿಹೋಯಿತು. "ನಮ್ಮನ್ನ ಕತೇಲಿ ಹಾಕ್ತೀರಾ?" ಅಂತ ಒಬ್ಬಳು ಕೇಳಿದಳು. ಇನ್ನು ಬಾಯಿ ಬಿಡುವುದಿಲ್ಲವೇನೋ ಅಂತ ನನಗೆ ಹೆದರಿಕೆ. ಅವಳು ಬೇರೆಯೇ ಹೇಳಿದಳು: "ಹಾಕೋದಾದ್ರೆ ನನ್ನ ಸ್ವಲ್ಪ ಸಣ್ಣ ಮಾಡಿ ಹಾಕಿ." ಅವತ್ತಿನಿಂದ ಕತೆ ದುಪ್ಪಟ್ಟಾಯಿತು. ಎಲ್ಲರೂ ಅವರವರ ಅತ್ತೆಯನ್ನು ಕಾದಂಬರಿಗೆ ಸೇರಿಸಲು ಪೈಪೋಟಿಗೆ ಬಿದ್ದರು.

ಅಡಿಕೆ ಕೆಲಸದಲ್ಲಿ ಕೈ ಕಪ್ಪಾಗುತ್ತದೆ, ಆ ಕೈಯಲ್ಲಿ ಮುಟ್ಟಿದ ಕೀಬೋರ್ಡೂ ಕಪ್ಪಾಗುತ್ತದೆ. ಆದರೆ ಅಡಿಕೆ ಬೇಯಿಸಿ ಉಳಿಯುವ ಚೊಗರು ಬೇರೆ ಸಂಗತಿ. ಕೆಂಪು ಕಂದು ಬಣ್ಣದ ಆ ನೀರಿನಿಂದ ಬಟ್ಟೆಗೆ ಚೆಂದದ ಬಣ್ಣ ಬರುತ್ತದೆ. ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಯಲ್ಲಿ ಅದನ್ನು ನೋಡಿದವರಿಗೆ ಗೊತ್ತು. ಚೊಗರು ಕಂಡರೆ ನನಗೆ 1,667 ಪದಗಳೂ ಮರೆತುಹೋಗುತ್ತವೆ. ಬಿಳಿ ನೂಲಿನ ಲಡಿಗಳನ್ನು ಅದರಲ್ಲಿ ಅದ್ದಿ ಹಿಂಡಿ ತಂತಿಯ ಮೇಲೆ ಹಾಕಿದೆ. ಕೆಳಗಿನ ತಂತಿಯಲ್ಲಿ ಇವರ ರೇಷ್ಮೆ ಅಂಚಿನ ಪಂಚೆ ಇತ್ತು. ಅದನ್ನು ಅಲ್ಲಿ ಹಾಕಿದವರು ಇವರೇ, ಹಾಗಾಗಿ ಆ ವಿಚಾರ ಇನ್ನೂ ತೀರ್ಮಾನವಾಗಿಲ್ಲ. ಮರುದಿನ ಮದುವೆ ಮನೆಯಲ್ಲಿ ಇಬ್ಬರು ಇವರನ್ನು ತಡೆದು, ಇಂಥ ಪಂಚೆ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿದರು. ಇವರು ಗಂಭೀರವಾಗಿ "ಆರ್ಡರ್ ಕೊಟ್ಟು ಮಾಡಿಸಬೇಕು" ಎಂದರಂತೆ.

ಆರ್ಡರ್ ಅಂದಮೇಲೆ ನೆನಪಾಯಿತು. ಒಂದು ಕ್ರೋಶಾ ಶಾಲು ಮೈಮೇಲೆ ಹಾಕಿಕೊಂಡು ಹೊರಗೆ ಹೋದರೆ ಸಾಕು, "ಅಯ್ಯೋ ಚೆನ್ನಾಗಿದೆ, ನಂಗೂ ಒಂದು ಮಾಡ್ಕೊಡೇ" ಅನ್ನುವವರು ಸಾಲುಗಟ್ಟುತ್ತಾರೆ. ನೂಲಿನ ದುಡ್ಡಿನ ಮಾತು ಬರುವುದಿಲ್ಲ. ಕಾದಂಬರಿ ಬರೆಯುತ್ತಿದ್ದೇನೆ ಎಂದಾಗ ಇದುವರೆಗೆ ಯಾರೂ "ನಂಗೂ ಒಂದು ಅಧ್ಯಾಯ" ಅಂದದ್ದಿಲ್ಲ. "ಹೌದಾ? ಟೈಮ್ ಸಿಗ್ತದಾ?" ಅನ್ನುತ್ತಾರೆ. ಶಾಲಿಗೆ ಟೈಮ್ ಎಲ್ಲಿಂದ ಬರುತ್ತದೆ ಅಂತ ಅವರಿಗೆ ಅನುಮಾನವೇ ಇಲ್ಲ.

ಬೇಸಿಗೆಯಲ್ಲಿ ಎರಡೂ ಇಲ್ಲ. ಬೇಸಿಗೆ ಪೂರ್ತಿ ಅತ್ತೆಯವರದ್ದು, ಅಂದರೆ ಹಲಸಿನಕಾಯಿ ಹಪ್ಪಳದ್ದು. ತೊಳೆ ಬಿಡಿಸಿ, ಬೇಯಿಸಿ, ಖಾರ ಉಪ್ಪು ಹಾಕಿ ರುಬ್ಬಿ, ಉಂಡೆ ಮಾಡಿ, ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತುವುದು. ಮೇಣ ಅಂಟಿದ ಕೈಯಲ್ಲಿ ಪೆನ್ನು ಹಿಡಿದರೆ ಪೆನ್ನೂ ಬಿಡುವುದಿಲ್ಲ, ಮಾತೂ ಬರುವುದಿಲ್ಲ. ಮಾಡಿನ ಮೇಲೆ ಮಂಗಗಳು ಸಾಲಾಗಿ ಕೂತು ಹಪ್ಪಳ ಒಣಗುವುದನ್ನು ಕಾಯುತ್ತವೆ, ನಾವು ಮಂಗಗಳನ್ನು ಕಾಯುತ್ತೇವೆ.

ಎರಡನೇ ಸಲ ತಿದ್ದಿದ ಪ್ರತಿಯನ್ನು ನಾನು ಸಾಗರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿ, ಮೂರನೆಯದು ಶುರುವಾದ ಮೇಲೆ ಅಡುಗೆಮನೆ ಪಕ್ಕದ ಶೆಲ್ಫಿನಲ್ಲಿ ಇಟ್ಟಿದ್ದೆ. ಒಂದೇ ಕಡೆ ಪ್ರಿಂಟಾದ, ದಪ್ಪಗಿನ, ಒಳ್ಳೆಯ ಕಾಗದ. ಅತ್ತೆ ಅದನ್ನು ಹಪ್ಪಳದ ಡಬ್ಬಗಳ ತಳಕ್ಕೆ ಹಾಸಿದರು, ನಡು ನಡುವೆಯೂ ಹಾಕಿದರು. ಡಬ್ಬಗಳು ನೆಂಟರ ಮನೆಗಳಿಗೆ ಹೋದವು. ಮೈಸೂರಿನ ನಾದಿನಿಗೊಂದು, ಹುಬ್ಬಳ್ಳಿಯ ಚಿಕ್ಕಮ್ಮನಿಗೊಂದು, ಬೆಂಗಳೂರಿಗೆ ಎರಡು.

ಮಳೆ ಶುರುವಾಗಿ ಎಲ್ಲರೂ ಹಪ್ಪಳ ಕರಿಯತೊಡಗಿದ ಮೇಲೆ ಫೋನುಗಳು ಬಂದವು. ಹುಬ್ಬಳ್ಳಿ ಡಬ್ಬದಲ್ಲಿ ಮದುವೆ ಇತ್ತು, ಆದರೆ ಯಾರದ್ದು ಅಂತ ಇರಲಿಲ್ಲ. ಬೆಂಗಳೂರಿನ ಒಂದು ಡಬ್ಬದಲ್ಲಿ ಬರೀ ಜಗಳ. ಅವರವರೇ ಫೋನು ಮಾಡಿಕೊಂಡು, ಓದಿ ಹೇಳಿ, ಪುಟದ ನಂಬರು ಹೊಂದಿಸಿ ಕತೆ ಜೋಡಿಸಲು ಹೊರಟಿದ್ದರು. ಅತ್ತೆ ಸ್ಪೀಕರಿನಲ್ಲಿ ಇಡುವುದಿಲ್ಲ, ಹಾಗಾಗಿ ಮೈಸೂರಿನ ಕರೆಯಲ್ಲಿ ನನಗೆ ಅರ್ಧ ಮಾತ್ರ ಕೇಳಿಸಿತು. ಆಮೇಲೆ ನನ್ನ ಕಡೆ ತಿರುಗಿದರು.

"ಆ ಹುಡುಗಿ ಕೊಡೆ ಹಿಡ್ಕೊಂಡು ನಿಂತಿದ್ದಾಳಂತೆ. ಬಸ್ಸು ಬಂತಾ ಅಂತ ಕೇಳ್ತಾಳೆ. ಎಂತ ಹೇಳ್ಲಿ?"

"ಇನ್ನೂ ಬರೆದಿಲ್ಲ ಅತ್ತೆ."

ಅತ್ತೆ ಒಂದು ಕ್ಷಣ ಯೋಚಿಸಿ, "ಬಸ್ಸು ಮುಂದಿನ ವರ್ಷದ ಹಪ್ಪಳದ ಜೊತೆ ಬರ್ತದಂತೆ" ಎಂದು ಫೋನಿಗೆ ಹೇಳಿದರು. ಆ ಕಡೆಯಿಂದ ಏನೋ ಉದ್ದಕ್ಕೆ ಬಂತು. ಹೂಂ ಹೂಂ ಎನ್ನುತ್ತಾ ಕೇಳಿಸಿಕೊಂಡು, ಕೈಯಲ್ಲಿ ಫೋನು ಮುಚ್ಚಿ ನನಗೆ ಹೇಳಿದರು:

"ಖಾರ ಸ್ವಲ್ಪ ಕಡಿಮೆ ಮಾಡ್ಬೇಕಂತೆ. ಹಪ್ಪಳದ್ದಲ್ಲ, ಆ ಹುಡುಗಿಯ ಅತ್ತೆಯದ್ದು."